ಖಾಲಿ ಹೋಟ್ಲು, ಕೆಂಪು ತುಟಿ

ಪ್ರಶ್ನೆ: ಸಾರ್, ಮೊನ್ನೆ ರಾತ್ರಿ 'ಡಾಟರ್ಸ್ ಆಫ್ ಡಾರ್ಕ್‌ನೆಸ್' ಅಂತ 1971ರ ಬೆಲ್ಜಿಯಂ ವ್ಯಾಂಪೈರ್ ಸಿನಿಮಾ ನೋಡ್ದೆ. ಹೊಸದಾಗಿ ಮದ್ವೆ ಆದ ಜೋಡಿ, ಸಮುದ್ರದ ದಂಡೇಲಿ ಹೋಟ್ಲು, ಅಲ್ಲಿಗೆ ಬರೋ ಒಬ್ಳು ಕೌಂಟೆಸ್, ಅಂದ್ರೆ ದೊಡ್ಡ ಮನೆತನದ ಹೆಂಗಸು. ಗಂಡನ ಆ್ಯಕ್ಟಿಂಗ್ ಸಪ್ಪೆ, ಬಾತ್‌ರೂಮ್ ಸಾವಂತೂ ನಂಬಕ್ಕೇ ಆಗಲ್ಲ, ರೂಮ್‌ಮೇಟ್ ಅರ್ಧಕ್ಕೇ ಎದ್ದೋಗಿ ಮಲಗಿದ. ಆದ್ರೆ ನಂಗೆ ಮೂರು ದಿನದಿಂದ ಅದೇ ಗುಂಗು. ಯಾಕೆ ಹಿಡಿಸ್ತು ಅಂತ ಗೊತ್ತಾಗ್ತಿಲ್ಲ.
– ಒಬ್ಬ ಓದುಗ, ದಾವಣಗೆರೆ

ಉತ್ತರ: ನೀವು ಹೇಳಿದ ತಪ್ಪುಗಳೆಲ್ಲ ಇವೆ, ನಾನು ಇನ್ನೊಂದು ಸೇರಿಸ್ತೀನಿ. ಗಂಡ ಸ್ಟೆಫಾನ್ ಫೋನ್ ಮಾಡಿ 'ಅಮ್ಮ' ಅಂತ ಯಾರ ಜೊತೆ ಮಾತಾಡ್ತಾನೋ ಆ ಎಳೆ ಎಷ್ಟು ಚೆನ್ನಾಗಿ ಶುರುವಾಗತ್ತೆ, ಆಮೇಲೆ ಅದನ್ನ ಅಲ್ಲೇ ಕೈಬಿಟ್ಬಿಟ್ರು. ಮಾತು ಸಪ್ಪೆ ಅನ್ಸೋದು ಕೂಡ ಸುಮ್ನೆ ಅಲ್ಲ, ಗಂಡನ ಪಾತ್ರದ ಜಾನ್ ಕಾರ್ಲೆನ್ ಅಮೆರಿಕದವ್ರು, ಹೆಂಡತಿ ಪಾತ್ರದ ನಟಿ ಕೆನಡಾದ ಕ್ವಿಬೆಕ್ ಕಡೆಯವ್ರು, ಕೌಂಟೆಸ್ ಜೊತೆ ಬರೋ ಸೆಕ್ರೆಟರಿ ಪಾತ್ರದಾಕೆ ಜರ್ಮನ್, ಕೌಂಟೆಸ್ ಆಗಿರೋ ಡೆಲ್ಫಿನ್ ಸೇರಿಗ್ ಫ್ರೆಂಚ್, ಎಲ್ರೂ ಇಂಗ್ಲಿಷಲ್ಲಿ ಡೈಲಾಗ್ ಹೇಳ್ಬೇಕು, ಒಬ್ಬೊಬ್ರ ಉಚ್ಚಾರಣೆ ಒಂದೊಂದು ಥರ.

ಆದ್ರೆ ಆ ಹೋಟ್ಲು! ಹೊರಗಿಂದ ಕಾಣೋದು ಒಸ್ಟೆಂಡ್‌ನ ಥರ್ಮೆ ಪ್ಯಾಲೇಸ್, ಒಳಗಡೆದೆಲ್ಲ ಬ್ರಸೆಲ್ಸಿನ ಅಸ್ಟೋರಿಯಾ, ಎರಡನ್ನೂ ಹೊಲಿದು ಒಂದೇ ಕಟ್ಟಡ ಮಾಡಿದ್ದಾರೆ ಡೈರೆಕ್ಟರ್ ಹ್ಯಾರಿ ಕ್ಯೂಮೆಲ್. ಒಸ್ಟೆಂಡ್ ಅಂದ್ರೆ ಬೇಸಿಗೇಲಿ ಜನ ಕಿಕ್ಕಿರಿಯೋ ಬೀಚ್ ಊರು, ಇಲ್ಲಿ ಸೀಸನ್ ಮುಗ್ದು ಚಳಿಗಾಲ, ಅಷ್ಟು ದೊಡ್ಡ ಹೋಟ್ಲಿಗೆ ನಾಲ್ಕೇ ಜನ ಗೆಸ್ಟು, ಒಬ್ಬ ವಯಸ್ಸಾದ ರಿಸೆಪ್ಷನಿಸ್ಟು. ಜನ ಇರ್ಬೇಕಾದ ಜಾಗದಲ್ಲಿ ಜನ ಇಲ್ದೇ ಇದ್ರೆ ಆಗೋ ಒಂಥರಾ ಕಸಿವಿಸಿ ಇದ್ಯಲ್ಲ, ಜಾತ್ರೆ ಮುಗಿದ ಮಾರನೇ ದಿನ ದೇವಸ್ಥಾನದ ಮುಂದೆ ನಿಂತಂಗೆ, ಅದು ಮೊದಲನೇ ಸೀನಿಂದ ಹಿಡ್ಕೊಂಡ್ಬಿಡತ್ತೆ, ಆಮೇಲೆ ಕಥೆ ಎಡವಿದ್ರೂ ನಾವು ಆ ಹೋಟ್ಲಲ್ಲೇ ಇರ್ತೀವಿ.

ಇನ್ನು ಸೇರಿಗ್. ಆಕೆ ಹತ್ತು ವರ್ಷ ಮುಂಚೆ 'ಲಾಸ್ಟ್ ಇಯರ್ ಅಟ್ ಮರಿಯನ್‌ಬಾದ್' ಅನ್ನೋ ಸಿನಿಮಾದಲ್ಲೂ ಇಂಥದ್ದೇ ದೊಡ್ಡ ಹೋಟ್ಲಿನ ಕಾರಿಡಾರ್‌ಗಳಲ್ಲಿ ಓಡಾಡಿದ್ರು, ಆ ನಡಿಗೆ ಇಲ್ಲೂ ಬಂದಿದೆ. ಕೋರೆಹಲ್ಲು ತೋರ್ಸೋ ದೆವ್ವ ಅಲ್ಲ ಈ ಕೌಂಟೆಸ್, ಮೆತ್ತಗೆ ಮಾತಾಡ್ತಾಳೆ, ನಗ್ತಾಳೆ, ಪಕ್ಕದಲ್ಲಿ ಕೂರ್ಸ್ಕೊಂಡು ಉಪಚಾರ ಮಾಡ್ತಾಳೆ. 'ನಲವತ್ತು ವರ್ಷದ ಹಿಂದೆ ನಾನಿಲ್ಲಿ ಹುಡುಗ ಆಗಿದ್ದಾಗ ನಿಮ್ಮನ್ನ ನೋಡಿದ್ದೆ, ನೀವು ಹಂಗೇ ಇದ್ದೀರಿ' ಅಂತ ಆ ರಿಸೆಪ್ಷನಿಸ್ಟ್ ತಡವರಿಸಿದ್ರೆ, 'ನಮ್ಮಮ್ಮನ್ನ ನೋಡಿರ್ಬೇಕು' ಅಂತ ಸಲೀಸಾಗಿ ತೇಲಿಸ್ತಾಳೆ. ನಂಗೆ ಮೈ ಜುಂ ಅಂದಿದ್ದು ಲೌಂಜಿನ ಸೀನಲ್ಲಿ, ಕೌಂಟೆಸ್ಸೂ ಸ್ಟೆಫಾನೂ ಹಳೇ ಕಾಲದ ಚಿತ್ರಹಿಂಸೆಗಳನ್ನ ಒಂದೊಂದಾಗಿ ಹೇಳ್ತಾ ಹೇಳ್ತಾ ಇಬ್ರಿಗೂ ಖುಷಿ ಏರ್ತಾ ಹೋಗತ್ತೆ, ಕೊನೆಗೆ ಹೆಂಡತಿ ಸಾಕು ನಿಲ್ಲಿಸಿ ಅಂತ ಕಿರುಚ್ತಾಳೆ. ಅಲ್ಲಿ ಒಂದು ತೊಟ್ಟು ರಕ್ತ ತೋರ್ಸಿಲ್ಲ, ಗಂಡ ಎಂಥೋನು ಅಂತ ಹೆಂಡತಿಗೂ ನಮ್ಗೂ ಒಟ್ಟಿಗೇ ಗೊತ್ತಾಗತ್ತೆ.

ಇನ್ನೊಂದ್ಸಲ ನೋಡೋದಾದ್ರೆ 100 ನಿಮಿಷದ ಪೂರ್ತಿ ಪ್ರಿಂಟೇ ನೋಡಿ, ಅಮೆರಿಕದಲ್ಲಿ ಕತ್ತರಿ ಹಾಕಿದ್ದು ಬೇಡ. ಸೀನ್ ಮುಗಿದಾಗ ಪರದೆ ಕಪ್ಪಾಗೋ ಬದ್ಲು ಕೆಂಪಾಗತ್ತೆ, ಅದನ್ನ ಗಮನಿಸಿ. ದೊಡ್ಡೋರ ಸಿನಿಮಾ, ಮನೇಲಿ ಮಕ್ಕಳಿದ್ದಾಗ ಬೇಡ.

ಪ್ರಶ್ನೆ: ಸಿನಿಮಾದ ಕೌಂಟೆಸ್ ಬಾತೊರಿ ನಿಜ್ವಾಗ್ಲೂ ಇದ್ಲಾ?
– ಅದೇ ಓದುಗ

ಉತ್ತರ: ಇದ್ಲು. ಎಲಿಜಬೆತ್ ಬಾತೊರಿ, ಹಂಗೇರಿಯ ದೊಡ್ಡ ಮನೆತನದವ್ಳು, ಹುಟ್ಟಿದ್ದು 1560. ಹೆಣ್ಮಕ್ಕಳನ್ನ ಹಿಂಸೆ ಕೊಟ್ಟು ಕೊಂದ್ಲು ಅನ್ನೋ ಆರೋಪದ ಮೇಲೆ 1610ರ ಕೊನೇಲಿ ಹಿಡಿದ್ರು, ಆಳುಗಳನ್ನ ವಿಚಾರಣೆ ಮಾಡಿ ಕೊಂದ್ರು, ಅವಳಿಗೆ ಮಾತ್ರ ವಿಚಾರಣೆನೇ ಆಗ್ಲಿಲ್ಲ, ಈಗ ಸ್ಲೊವಾಕಿಯಾದಲ್ಲಿರೋ ಚಾಖ್ಟಿತ್ಸೆ ಕೋಟೇಲಿ ಬಂಧಿಯಾಗೇ 1614ರಲ್ಲಿ ಸತ್ಲು. ಯೌವನಕ್ಕಾಗಿ ರಕ್ತದಲ್ಲಿ ಸ್ನಾನ ಮಾಡ್ತಿದ್ಲು ಅನ್ನೋದು ಆ ವಿಚಾರಣೆಯ ಸಾಕ್ಷಿಗಳ ಹೇಳಿಕೇಲಿ ಇಲ್ಲ, ಅದು ಅಚ್ಚಾಗಿದ್ದು ಅವಳು ಸತ್ತು ನೂರು ವರ್ಷ ದಾಟಿದ ಮೇಲೆ, 1729ರಲ್ಲಿ.