1/72 ಮಿಗ್-21 ಕಿಟ್: ಬೆನ್ನ ಮೇಲಿನ ಗೆರೆ, ಮಬ್ಬಾದ ಕ್ಯಾನೊಪಿ, ಬಾಲದ ಮೇಲೆ ಕೂರುವ ಮಾದರಿ

ನೀವು ಕೇಳಿರುವುದು ಇಷ್ಟು: 1/72 ಅಳತೆಯ ಮಿಗ್-21 ಕಿಟ್ ತಂದಿದ್ದೀರಿ, ಭಾರತೀಯ ವಾಯುಪಡೆಯ ಬಣ್ಣದಲ್ಲಿ ಮಾಡಬೇಕು. ಹಿಂದಿನ ಮಾದರಿಯಲ್ಲಿ ಬೆನ್ನ ಮೇಲೆ ಜಾಯಿಂಟ್ ಗೆರೆ ಎದ್ದು ಕಂಡಿತು, ಕ್ಯಾನೊಪಿ (ಕಾಕ್‌ಪಿಟ್ ಮೇಲಿನ ಗಾಜಿನ ಮುಚ್ಚಳ) ಒಳಗಿನಿಂದ ಮಬ್ಬಾಯಿತು, ನಿಲ್ಲಿಸಿದರೆ ಮೂಗೆತ್ತಿಕೊಂಡು ಬಾಲದ ಮೇಲೆ ಕೂತಿತು. ಈ ಸಲ ಹಾಗಾಗದಂತೆ ಏನು ಮಾಡಬೇಕು, ಏರ್‌ಬ್ರಷ್ (ಗಾಳಿಯೊತ್ತಡದಿಂದ ಬಣ್ಣ ಸಿಂಪಡಿಸುವ ಉಪಕರಣ) ಇಲ್ಲದೆ ಆಗುತ್ತದೆಯೇ?

ಮೂರು ತೊಂದರೆಗಳೂ ಹುಟ್ಟುವುದು ಬಣ್ಣದ ಬಾಟಲಿ ತೆರೆಯುವುದಕ್ಕೆ ಮುಂಚೆಯೇ. ಬಣ್ಣ ಹಚ್ಚಿದರೆ ಮುಚ್ಚಿಹೋಗುತ್ತದೆ ಅಂದುಕೊಂಡು ಬಿಟ್ಟದ್ದೆಲ್ಲ ಬಣ್ಣ ಹಚ್ಚಿದ ಮೇಲೆ ಎರಡರಷ್ಟು ಕಾಣುತ್ತದೆ. ಮಿಗ್-21ರ ರೆಕ್ಕೆಯಗಲ 7.15 ಮೀಟರ್, ನಿಮ್ಮ ಮೇಜಿನ ಮೇಲೆ ಅದು 10 ಸೆಂ.ಮೀ. ಕೂಡ ಇರುವುದಿಲ್ಲ. ಈ ಅಳತೆಯಲ್ಲಿ 0.1 ಮಿ.ಮೀ. ಏಣು ಉಳಿದರೆ ನಿಜವಾದ ವಿಮಾನದ ಮೈಮೇಲೆ 7 ಮಿ.ಮೀ. ದಪ್ಪದ ಬರೆ ಎದ್ದ ಹಾಗೆ. ಹಾಗಾಗಿ ನಿಮ್ಮ ಸಮಯದ ಮುಕ್ಕಾಲು ಪಾಲನ್ನು ಜೋಡಣೆಗೂ ಉಜ್ಜುವುದಕ್ಕೂ ಇಡಿ.

ಮೊದಲು ನಿಮ್ಮ ಡಬ್ಬಿಯಲ್ಲಿರುವುದು ಯಾವ ಮಿಗ್-21 ಅಂತ ನೋಡಿಕೊಳ್ಳಿ. 1963ರಿಂದ 2025ರ ಸೆಪ್ಟೆಂಬರ್ 26ರವರೆಗೆ ನಮ್ಮ ವಾಯುಪಡೆಯಲ್ಲಿ ಹಾರಿದ್ದು ಒಂದೇ ರೂಪದ ವಿಮಾನವಲ್ಲ. ಟೈಪ್ 77, ಅಂದರೆ ಎಫ್‌ಎಲ್, ತೆಳು ಬೆನ್ನಿನದು. ರೆಕ್ಕೆಗಳಡಿ ಕ್ಷಿಪಣಿ, ಬಾಂಬು ತೂಗಿಸುವ ಪೈಲಾನ್ ಎರಡೇ, ಹೊಟ್ಟೆಯಲ್ಲಿ ಫಿರಂಗಿ ಇಲ್ಲ. ಟೈಪ್ 96ಕ್ಕೂ ಟೈಪ್ 75ಕ್ಕೂ, ಅಂದರೆ ಎಂ ಮತ್ತು ಬಿಸ್‌ಗೆ, ನಾಲ್ಕು ಪೈಲಾನ್, ದಪ್ಪ ಬೆನ್ನು. ಬಿಸ್‌ನದು ಇನ್ನೂ ದಪ್ಪ. ಬೈಸನ್ ಬಿಸ್‌ನಿಂದಲೇ ಆದದ್ದು, ಆದರೆ ಅದರ ಮುಂಗಾಜು ನಡುವೆ ಚೌಕಟ್ಟಿಲ್ಲದ ಒಂದೇ ಬಾಗಿದ ತುಂಡು. ಬಿಸ್ ಕಿಟ್‌ಗೆ ಬೈಸನ್ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿಹ್ನೆಗಳ ಹಾಳೆ) ಅಂಟಿಸಿ ಮುಗಿಸುವವರು ಬಹಳ ಮಂದಿ. ಮುಂಗಾಜು ನೋಡಿದ ತಕ್ಷಣ ಗೊತ್ತಾಗಿಬಿಡುತ್ತದೆ. ಬೇರೆ ಗಾಜು ಸಿಗದಿದ್ದರೆ ಬಿಸ್ ಅನ್ನು ಬಿಸ್ ಆಗಿಯೇ ಮಾಡಿ. ಬಣ್ಣಕ್ಕೆ ಹಾರಾಟದ ಕಾಲದ ಫೋಟೊಗಳನ್ನು ನೋಡಿ. ಸರ್ಕಲ್‌ಗಳಲ್ಲಿ, ಮ್ಯೂಸಿಯಂ ಅಂಗಳಗಳಲ್ಲಿ ನಿಲ್ಲಿಸಿದ ವಿಮಾನಗಳಿಗೆ ಆಮೇಲೆ ಸಿಕ್ಕ ಬಣ್ಣ ಬಳಿದಿರುತ್ತಾರೆ. ಅವನ್ನು ಆಕಾರಕ್ಕೆ ನಂಬಬಹುದು, ಬಣ್ಣಕ್ಕೆ ಬೇಡ.

ಎಫ್‌ಎಲ್‌ನ ಬೆಳ್ಳಿ ಮೈ ಎಷ್ಟೇ ಆಸೆ ಹುಟ್ಟಿಸಲಿ, ಈ ಸಲಕ್ಕೆ ಬೂದು ಬಣ್ಣದ ವಿಮಾನವನ್ನೇ ಆರಿಸಿಕೊಳ್ಳಿ. ಲೋಹದ ಬಣ್ಣಕ್ಕೆ ಅಡಿಯಲ್ಲಿ ಕನ್ನಡಿಯಂಥ ಹೊಳೆಯುವ ಕಪ್ಪು ಬೇಕು, 1000 ನಂಬರಿನ ಉಜ್ಜುವ ಕಾಗದದ ಗೀರೂ ಅದರಲ್ಲಿ ಕಾಣುತ್ತದೆ.

ಜೋಡಣೆಗೆ ಬರೋಣ. ಬಿಡಿಭಾಗಗಳನ್ನು ಫ್ರೇಮ್ ಸಮೇತ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನಿಂದ ಬಿಡಿಸಲು ಬಳಸಿದ ಎಣ್ಣೆಯಂಥದು ಮೈಮೇಲೆ ಉಳಿದಿದ್ದರೆ ಅಲ್ಲಿ ಬಣ್ಣ ಹಿಡಿಯುವುದಿಲ್ಲ. ಭಾಗಗಳನ್ನು ಕತ್ತರಿಸುವಾಗ ಮೊದಲು ಎರಡು ಮೂರು ಮಿ.ಮೀ. ದೂರದಲ್ಲಿ ನಿಪ್ಪರ್ ಹಾಕಿ, ಉಳಿದ ಮೊಳಕೆಯನ್ನು 11 ನಂಬರಿನ ಬ್ಲೇಡಿನಿಂದ ಸವರಿ. ಒಂದೇ ಏಟಿಗೆ ಬುಡಕ್ಕೆ ಕತ್ತರಿಸಿದರೆ ಪ್ಲಾಸ್ಟಿಕ್ ಬೆಳ್ಳಗಾಗಿ ಗುಳಿ ಬೀಳುತ್ತದೆ.

ಮಿಗ್-21ರ ಮೈ ಒಂದು ಕೊಳವೆ, ಎರಡು ಹೋಳಾಗಿ ಬರುತ್ತದೆ. ಸಾಮಾನ್ಯವಾಗಿ ಮೂಗಿನ ಕೋನ್, ಕಾಕ್‌ಪಿಟ್ ತೊಟ್ಟಿ, ಮುಂಚಕ್ರದ ಗೂಡು, ಹಿಂದಿನ ಎಗ್ಸಾಸ್ಟ್ ಕೊಳವೆ, ಇವೆಲ್ಲ ಹೋಳುಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಆಮೇಲೆ ತೂರಿಸಲು ಆಗುವುದಿಲ್ಲ, ಬಣ್ಣವನ್ನೂ ಮೊದಲೇ ಹಚ್ಚಿರಬೇಕು. ಕಾಕ್‌ಪಿಟ್ಟಿಗೆ ಸೋವಿಯತ್ ವಿಮಾನಗಳ ಆ ನೀಲಿ ಬೆರೆತ ಹಸಿರು. ಬಾಟಲಿಯಲ್ಲಿರುವುದಕ್ಕಿಂತ ಸ್ವಲ್ಪ ತಿಳಿ ಮಾಡಿಕೊಳ್ಳಿ, ಇಕ್ಕಟ್ಟಾದ ಗೂಡಿನಲ್ಲಿ ಬಣ್ಣ ಕಪ್ಪಾಗಿ ಕಾಣುತ್ತದೆ.

ತೂಕದ ಲೆಕ್ಕವೂ ಇಲ್ಲೇ ಆಗಬೇಕು. ಹೋಳುಗಳು, ರೆಕ್ಕೆ, ಬಾಲ ಎಲ್ಲವನ್ನೂ ಬರೀ ಟೇಪಿನಿಂದ ಹಿಡಿಸಿ, ಹಿಂಚಕ್ರಗಳು ನೆಲ ಮುಟ್ಟುವ ಜಾಗ ಬರುವಂತೆ ಒಂದು ಪೆನ್ಸಿಲ್ ಮೇಲೆ ಅಡ್ಡ ಇಡಿ. ಮೂಗಿನ ಮೇಲೆ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಒಂದೊಂದಾಗಿ ಇಡುತ್ತ ಹೋಗಿ. ಮೂಗು ಕೆಳಗೆ ಬಾಗಿದ ಮೇಲೂ ಒಂದೆರಡು ಹೆಚ್ಚು ಹಾಕಿ. ಈ ಸೀಸವನ್ನು ಕೋನ್ ಹಿಂದೆ, ಕಾಕ್‌ಪಿಟ್ಟಿನ ಅಕ್ಕಪಕ್ಕ ಅರಾಲ್ಡೈಟ್ ಹಾಕಿ ಕೂರಿಸಿ. ಫೆವಿಕಾಲ್ ಹಾಕಬೇಡಿ: ಆ ಜಾತಿಯ ಬಿಳಿ ಗೋಂದಿನ ಆಮ್ಲ ಸೀಸವನ್ನು ತಿನ್ನುತ್ತದೆ, ಬಿಳಿ ಪುಡಿ ಹುಟ್ಟಿ ಉಬ್ಬುತ್ತದೆ, ಕೆಲವು ವರ್ಷಗಳಲ್ಲಿ ಮೂಗೇ ಸೀಳುತ್ತದೆ. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ.

ಈಗ ಬೆನ್ನಿನ ಗೆರೆ. ಪ್ಲಾಸ್ಟಿಕ್ ಸಿಮೆಂಟು ಗೋಂದಿನ ಹಾಗೆ ಅಂಟಿಸುವುದಿಲ್ಲ. ಪಾಲಿಸ್ಟೈರಿನ್ ಅನ್ನು ಕರಗಿಸಿ ಎರಡು ತುಂಡುಗಳನ್ನು ಬೆಸೆಯುತ್ತದೆ. ಟಮಿಯಾದ ಹಸಿರು ಮುಚ್ಚಳದ ಎಕ್ಸ್‌ಟ್ರಾ ಥಿನ್ ಬಳಸುವುದಾದರೆ ಹೋಳುಗಳನ್ನು ಮೊದಲೇ ಸೇರಿಸಿ ಹಿಡಿದು, ಕೂದಲೆಳೆಯಷ್ಟು ಸಂದು ಬಿಟ್ಟು, ಅಲ್ಲಿಗೆ ಕುಂಚ ತಾಗಿಸಿ. ದ್ರವ ತಾನೇ ಸಂದಿನುದ್ದಕ್ಕೂ ಹರಿಯುತ್ತದೆ. ಒಂದು ಸಲಕ್ಕೆ ಮೂರು ನಾಲ್ಕು ಸೆಂ.ಮೀ. ಸಾಕು. ಹತ್ತು ಸೆಕೆಂಡ್ ಬಿಟ್ಟು ಒತ್ತಿದರೆ ಕರಗಿದ ಪ್ಲಾಸ್ಟಿಕ್ ಗೆರೆಯುದ್ದಕ್ಕೂ ದಾರದಂತೆ ಉಕ್ಕಬೇಕು. ಉಕ್ಕಿದ ಕಡೆ ಪುಟ್ಟಿ ಬೇಕಾಗುವುದಿಲ್ಲ. ಅದನ್ನು ಒರೆಸಬೇಡಿ, ಬೆರಳು ತಾಗಿಸಬೇಡಿ. ಬೆರಳಿನಡಿಗೆ ಸಿಮೆಂಟು ಹರಿದರೆ ನಿಮ್ಮ ಬೆರಳಚ್ಚು ವಿಮಾನದ ಮೇಲೆ ಉಳಿಯುತ್ತದೆ. ಪೂರ್ತಿ 24 ಗಂಟೆ ಬಿಡಿ. ಆತುರಪಟ್ಟು ಅದೇ ಸಂಜೆ ಉಜ್ಜಿದರೆ, ಒಳಗೆ ಇನ್ನೂ ಮೆತ್ತಗಿದ್ದ ಪ್ಲಾಸ್ಟಿಕ್ ಆಮೇಲೆ ಕುಗ್ಗಿ, ವಾರ ಕಳೆದು ಬಣ್ಣದಡಿ ಸಣ್ಣ ಕಾಲುವೆ ಮೂಡುತ್ತದೆ. ನಿಮ್ಮ ಹಿಂದಿನ ಮಾದರಿಯಲ್ಲಿ ಆದದ್ದು ಬಹುಶಃ ಇದೇ.

ಉಜ್ಜಲು ವಾಟರ್ ಪೇಪರ್: 400ರಿಂದ ಆ ಉಕ್ಕಿಬಂದ ಪ್ಲಾಸ್ಟಿಕನ್ನು ತೆಗೆದು, 600, 1000 ಹೀಗೆ ಮೇಲೆ ಹೋಗಿ, ಪ್ರತಿ ಸಲ ನೀರು ಹಚ್ಚಿ. ದುಂಡು ಮೈಯಾದ್ದರಿಂದ ಕಾಗದವನ್ನು ಗಟ್ಟಿ ಕಡ್ಡಿಗೆ ಸುತ್ತಬೇಡಿ, ಬೆನ್ನು ಚಪ್ಪಟೆಯಾಗುತ್ತದೆ. ತೆಳು ಸ್ಪಂಜಿನ ತುಂಡಿಗೆ ಸುತ್ತಿ. ಗುಂಡಿ ಉಳಿದಿದ್ದರೆ ಸೂಪರ್ ಗ್ಲೂಗೆ ಟಾಲ್ಕಂ ಪೌಡರ್ ಕಲಸಿ ತುಂಬಿ. ಇದು ಪುಟ್ಟಿಯ ಹಾಗೆ ಕುಗ್ಗುವುದಿಲ್ಲ, ಆದರೆ ಗಂಟೆಯೊಳಗೆ ಉಜ್ಜಿಬಿಡಬೇಕು. ರಾತ್ರಿ ಕಳೆದರೆ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿ ಅಕ್ಕಪಕ್ಕದ ಪ್ಲಾಸ್ಟಿಕ್ ಸವೆಯುತ್ತದೆ, ಅದು ಮಾತ್ರ ದಿಬ್ಬವಾಗಿ ನಿಲ್ಲುತ್ತದೆ. ಉಜ್ಜುವಾಗ ಅಳಿಸಿಹೋದ, ವಿಮಾನದ ತಗಡುಗಳ ಸಂದು ತೋರಿಸುವ ಪ್ಯಾನೆಲ್ ಲೈನ್‌ಗಳನ್ನು ದಪ್ಪ ಲೇಬಲ್ ಟೇಪನ್ನು ಅಂಚಿಗೆ ಇಟ್ಟುಕೊಂಡು, ಸೂಜಿ ಮೊನೆಯಿಂದ ಕೈಭಾರ ಹಾಕದೆ ಐದಾರು ಸಲ ಎಳೆದು ಮತ್ತೆ ಮೂಡಿಸಿ.

ರೆಕ್ಕೆಗಳು ಸಿಮೆಂಟು ಒಣಗುವ ಮುಂಚೆ ಎದುರಿನಿಂದ ನೋಡಬೇಕಾದ ವಸ್ತು. ಮಿಗ್-21ರ ರೆಕ್ಕೆಗಳು ತುದಿಯ ಕಡೆಗೆ ಸುಮಾರು 2 ಡಿಗ್ರಿ ಕೆಳಗೆ ಇಳಿದಿರುತ್ತವೆ, ಎರಡೂ ಸಮನಾಗಿರಬೇಕು.

ಕ್ಯಾನೊಪಿ ಮಬ್ಬಾಗಲು ಕಾರಣ ಸೂಪರ್ ಗ್ಲೂ. ಅದರ ಆವಿ ಗಾಜಿನ ಒಳಮೈಗೆ ಕೂತು ಬಿಳಿ ಪೊರೆಯಾಗುತ್ತದೆ. ಕಾಕ್‌ಪಿಟ್ ಒಳಗೆ ಆ ಅಂಟು ಹಾಕಿ ಅದೇ ದಿನ ಕ್ಯಾನೊಪಿ ಮುಚ್ಚಿದರೂ ಸಾಕು. ಅದಕ್ಕೇ ಕ್ಯಾನೊಪಿಯನ್ನು ಮೊದಲೇ ಹೊಳಪಿನ ಅಕ್ರಿಲಿಕ್ ಕ್ಲಿಯರ್‌ನಲ್ಲಿ ಅದ್ದಿ, ಕಾಗದದ ಅಂಚಿಗೆ ತಾಗಿಸಿ ಹೆಚ್ಚಿನದು ಇಳಿಸಿ, ಧೂಳು ಬೀಳದಂತೆ ಲೋಟ ಬೋರಲು ಹಾಕಿ ಎರಡು ದಿನ ಬಿಡಿ. ಅಂಟಿಸಲು ಫೆವಿಕಾಲ್ ಸಾಕು, ಇಲ್ಲಿ ಅದೇ ಸರಿ. ಒಣಗಿದ ಮೇಲೆ ಪಾರದರ್ಶಕವಾಗುತ್ತದೆ, ಹೆಚ್ಚಾದದ್ದನ್ನು ಒದ್ದೆ ಕುಂಚದಿಂದ ತೆಗೆಯಬಹುದು. ಚೌಕಟ್ಟಿಗೆ ಮೊದಲು ಒಳಗಿನ ಹಸಿರು, ಅದರ ಮೇಲೆ ಹೊರಗಿನ ಬೂದು. ಗಾಜಿನ ಮೂಲಕ ನೋಡಿದಾಗ ಒಳಗಿನಿಂದ ಹಸಿರೇ ಕಾಣುತ್ತದೆ.

ಬಣ್ಣಕ್ಕೆ ಮುಂಚಿನ ಅಡಿಲೇಪವಾದ ಪ್ರೈಮರ್ ಹಾಕಿ: ಮಿಸ್ಟರ್ ಸರ್ಫೇಸರ್ 1200 ಅಥವಾ ಟಮಿಯಾದ ಬೂದು ಪ್ರೈಮರ್. ಹಾಕಿದ ಮೇಲೆ ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಮೈಗೆ ಸಮನಾಗಿ ಓರೆಯಾಗಿ ಹಿಡಿದು ನೋಡಿ. ಉಳಿದ ಗೆರೆ, ಗೀರು ಎಲ್ಲ ನೆರಳು ಚೆಲ್ಲುತ್ತವೆ. ಅವನ್ನು ಸರಿಮಾಡಿ ಮತ್ತೆ ಪ್ರೈಮರ್. ಎರಡು ಮೂರು ಸುತ್ತು ಆಗಬಹುದು, ಬೇಸರ ಬೇಡ.

ಏರ್‌ಬ್ರಷ್ ಇದ್ದರೆ 0.3 ಮಿ.ಮೀ. ನಾಜಲ್, 15ರಿಂದ 20 ಪಿ.ಎಸ್.ಐ. ಒತ್ತಡ. ಟಮಿಯಾ ಅಕ್ರಿಲಿಕ್‌ಗೆ ಅದರದ್ದೇ ಥಿನ್ನರ್ ಸಮಪಾಲು ಬೆರೆಸಿ. ಹದ ನೋಡುವುದು ಹೀಗೆ: ಬಣ್ಣ ಕಲಸಿದ ಲೋಟದ ಒಳಗೋಡೆಗೆ ತಾಗಿಸಿದರೆ ಹಾಲಿನ ಹಾಗೆ ಜಾರಿ, ಹಿಂದೆ ತೆಳು ಪೊರೆ ಬಿಡಬೇಕು, ಮಜ್ಜಿಗೆಯಂತೆ ಕೂತರೆ ದಪ್ಪವಾಯಿತು. ಸುಮಾರು 10 ಸೆಂ.ಮೀ. ದೂರದಿಂದ, ಕೈ ನಿಲ್ಲಿಸದೆ, ಮೊದಲ ಕೋಟಿನಲ್ಲಿ ಪ್ರೈಮರ್ ಕಾಣುತ್ತಲೇ ಇರುವಷ್ಟು ತೆಳ್ಳಗೆ. ಮೂರನೆಯ ಕೋಟಿಗೆ ಮುಚ್ಚಿದರೆ ಸರಿ. ಮೈ ಉಪ್ಪಿನ ಪುಡಿ ಚೆಲ್ಲಿದಂತೆ ಒರಟಾದರೆ ಬಣ್ಣ ಗಾಳಿಯಲ್ಲೇ ಒಣಗುತ್ತಿದೆ ಎಂದರ್ಥ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಇದು ಸಾಮಾನ್ಯ. ಹತ್ತಿರದಿಂದ ಹಾಕಿ, ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಇರುವ ಥಿನ್ನರ್ ಬಳಸಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತೊಂದರೆ ಬೇರೆ: ಲ್ಯಾಕರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಬಿಳಿಚಿಕೊಳ್ಳುತ್ತದೆ. ಬರೀ ಥಿನ್ನರನ್ನು ಮಂಜಿನಂತೆ ಒಂದು ಸುತ್ತು ಹಾಕಿದರೆ ಬಹಳ ಸಲ ಸರಿಹೋಗುತ್ತದೆ, ಆದರೆ ಮಳೆ ಸುರಿಯುವ ದಿನ ಆ ಕೆಲಸ ಇಟ್ಟುಕೊಳ್ಳದಿರುವುದೇ ಲೇಸು.

ಏರ್‌ಬ್ರಷ್ ಇಲ್ಲದೆಯೂ ಆಗುತ್ತದೆ, ಖಂಡಿತ. ಪ್ರೈಮರಿಗೆ ಸ್ಪ್ರೇ ಡಬ್ಬಿ, ಬಣ್ಣಕ್ಕೆ ವಲೆಹೊದಂಥ ನೀರಿನ ಅಕ್ರಿಲಿಕ್ ಮತ್ತು 10 ಮಿ.ಮೀ. ಅಗಲದ ಮೆತ್ತನೆಯ ಚಪ್ಪಟೆ ಕುಂಚ. ತೆಳ್ಳಗೆ ನಾಲ್ಕು ಕೋಟ್, ಒಂದು ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಅರ್ಧ ಆರಿದ ಜಾಗಕ್ಕೆ ಕುಂಚ ವಾಪಸ್ ಹೋಗಬಾರದು. ಹೋದರೆ ಅಡಿಯ ಬಣ್ಣ ಚರ್ಮದಂತೆ ಎದ್ದುಬರುತ್ತದೆ. ಬೂದು ಬಣ್ಣ ಕುಂಚಕ್ಕೆ ಚೆನ್ನಾಗಿ ಒಗ್ಗುತ್ತದೆ, ಬೆಳ್ಳಿ ಒಗ್ಗುವುದಿಲ್ಲ.

ಲ್ಯಾಕರ್, ಸ್ಪ್ರೇ ಯಾವುದೇ ಆದರೂ ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್ ಬೇಕು. ಎನ್95 ಧೂಳನ್ನು ತಡೆಯುತ್ತದೆ, ಆವಿಯನ್ನಲ್ಲ. ಗ್ಯಾಸ್ ಒಲೆ, ದೇವರ ದೀಪ ಉರಿಯುತ್ತಿರುವಾಗ ಅದೇ ಗಾಳಿಯಲ್ಲಿ ಸಿಂಪಡಿಸಬೇಡಿ.

ಎರಡು ಬಣ್ಣಗಳ ನಡುವಿನ ಅಂಚಿಗೆ ಟೇಪ್ ಹಾಕುವುದಾದರೆ ಅಂಗೈ ಹಿಂಬದಿಗೆ ಒಮ್ಮೆ ಅಂಟಿಸಿ ತೆಗೆದು ಜಿಗುಟು ಕಮ್ಮಿ ಮಾಡಿಕೊಳ್ಳಿ. ಟೇಪಿನ ಅಂಚಿಗೆ ಮೊದಲು ಅಡಿಯ ಬಣ್ಣವನ್ನೇ ತೆಳ್ಳಗೆ ಹಾಕಿದರೆ ಸಂದು ಮುಚ್ಚಿ, ಮೇಲಿನ ಬಣ್ಣ ಒಳಗೆ ನುಗ್ಗುವುದಿಲ್ಲ. ಚಕ್ರದ ತಟ್ಟೆಗಳಿಗೆ ಕಡು ಹಸಿರು ಮರೆಯಬೇಡಿ.

ಡೆಕಾಲ್‌ಗೆ ಮುಂಚೆ ಹೊಳಪಿನ ಕ್ಲಿಯರ್ ಕೋಟ್ ಕಡ್ಡಾಯ. ಮ್ಯಾಟ್ ಮೈಯ ಸಣ್ಣ ಗುಳಿಗಳಲ್ಲಿ ಗಾಳಿ ಸಿಕ್ಕಿಕೊಂಡೇ ಡೆಕಾಲ್ ಸುತ್ತ ಬೆಳ್ಳಿಯಂಥ ಮಿಂಚು ಬರುವುದು. ಉಗುರುಬೆಚ್ಚಗಿನ ನೀರು, ಅಡಿಗೆ ಡೆಕಾಲ್ ಹಿಡಿಸುವ ದ್ರವ ಮೈಕ್ರೊ ಸೆಟ್, ಕೂರಿಸಿದ ಮೇಲೆ ಅದನ್ನು ಮೆತ್ತಗಾಗಿಸುವ ಮೈಕ್ರೊ ಸೋಲ್. ಸೋಲ್ ಹಾಕಿದಾಗ ಡೆಕಾಲ್ ಸುಕ್ಕುಗಟ್ಟುತ್ತದೆ. ಗಾಬರಿಯಾಗಿ ಮುಟ್ಟಿದರೆ ಹರಿಯುತ್ತದೆ, ಬಿಟ್ಟರೆ ತಾನೇ ಚಪ್ಪಟೆಯಾಗಿ ಪ್ಯಾನೆಲ್ ಲೈನ್ ಒಳಗೆ ಇಳಿಯುತ್ತದೆ. ನಮ್ಮ ವಾಯುಪಡೆಯ ಚಕ್ರಚಿಹ್ನೆಯಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಕೇಸರಿಯೊಳಗಿಂದ ಅಡಿಯ ಬೂದು ಇಣುಕುವಂಥ ತೆಳು ಡೆಕಾಲ್ ಆದರೆ ಅಡಿಗೆ ಬಿಳಿ ವೃತ್ತ ಬಳಿದುಕೊಳ್ಳಿ.

ಪ್ಯಾನೆಲ್ ಗೆರೆಗಳಿಗೆ ವಾಷ್, ಅಂದರೆ ತೀರ ನೀರಾದ ಕಡು ಬಣ್ಣ, ಹಾಕಲು ಎಣ್ಣೆಬಣ್ಣ ಮತ್ತು ಎನಾಮಲ್ ಥಿನ್ನರ್. ಬೂದು ವಿಮಾನಕ್ಕೆ ಕಪ್ಪು ಬೇಡ, ಕಡು ಬೂದು ಸಾಕು. ಒರೆಸುವಾಗ ಮೂಗಿನಿಂದ ಬಾಲದ ಕಡೆಗೆ, ಗಾಳಿ ಹರಿಯುವ ದಿಕ್ಕಿಗೆ. ಬಣ್ಣವಿಲ್ಲದ ಪ್ಲಾಸ್ಟಿಕ್ ಮೇಲೆ ಈ ಥಿನ್ನರ್ ನಿಂತರೆ, ಅದರಲ್ಲೂ ಚಕ್ರದ ಕಾಲುಗಳಂಥ ಭಾರ ಹೊರುವ ಕಡೆ, ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಆಮೇಲೆ ಅರೆ-ಮ್ಯಾಟ್ ಕ್ಲಿಯರ್, ಅದು ಆರಿದ ಮೇಲೆ ಚಕ್ರ, ಬಾಗಿಲು, ಕ್ಷಿಪಣಿಗಳು.

ಕೊನೆಗೆ ಉಳಿಯುವುದು ಮೂಗಿನ ಮೇಲಿನ ಉದ್ದನೆಯ, ಹಾರಾಟದ ವೇಗ ಅಳೆಯಲು ಇರುವ ಪಿಟೊ ಕೊಳವೆ. ಪ್ಲಾಸ್ಟಿಕ್‌ನದು ಒರೆಸುವ ಬಟ್ಟೆ ತಾಗಿದರೂ ಮುರಿಯುತ್ತದೆ. ಅದನ್ನು ಮೊದಲೇ ಕತ್ತರಿಸಿ ತೂತು ಕೊರೆದಿಟ್ಟು, ಮೆಡಿಕಲ್ ಸ್ಟೋರಿನಲ್ಲಿ ಸಿಗುವ 25 ಗೇಜಿನ ಇಂಜೆಕ್ಷನ್ ಸೂಜಿ ಹಾಕಿ. ಹೊರ ವ್ಯಾಸ ಸುಮಾರು 0.5 ಮಿ.ಮೀ. ಸೂಜಿಯನ್ನು ನಿಪ್ಪರ್‌ನಿಂದ ಕತ್ತರಿಸಿದರೆ ತುದಿ ಚಪ್ಪಟೆಯಾಗಿ ನಿಪ್ಪರ್ ಕೂಡ ಹಾಳಾಗುತ್ತದೆ. ಸಣ್ಣ ಅರದಿಂದ ಸುತ್ತಲೂ ಗೀರಿ ಬಾಗಿಸಿದರೆ ನೀಟಾಗಿ ಮುರಿಯುತ್ತದೆ. ಚೂಪು ಮೊನೆಯ ತುಂಡನ್ನು ಹಾಗೇ ಕಸಕ್ಕೆ ಹಾಕದೆ ಗಟ್ಟಿ ಡಬ್ಬಿಯಲ್ಲಿ ಮುಚ್ಚಿ ಹಾಕಿ.