ಕುಂಡದ ಹಣ್ಣಿನ ಗಿಡ: ಎಲೆ ನೋಡಿ, ಬೇರು ನೋಡಿ, ಆಮೇಲೆ ಔಷಧಿ

ಮಳೆ ಹಿಡಿದ ಮೇಲೆ ತಾರಸಿ ತೋಟದವರ ಪತ್ರಗಳು ಹೆಚ್ಚಿವೆ. ಮುಕ್ಕಾಲುಪಾಲು ಪತ್ರಗಳಲ್ಲಿರುವುದು ‘ಯಾವ ಔಷಧಿ ಹೊಡೆಯಲಿ?’ ಎಂಬ ಒಂದೇ ಸಾಲು. ಫೋಟೊ ಕಳಿಸುವವರು ದಯವಿಟ್ಟು ಎಲೆಯ ಮೇಲ್ಭಾಗ, ಅಡಿಭಾಗ ಎರಡನ್ನೂ ತೆಗೆಯಿರಿ. ಕುಂಡದ ಮಣ್ಣು ಮತ್ತು ತಳದ ತೂತಿನ ಚಿತ್ರವೂ ಇರಲಿ.

ಪ್ರಶ್ನೆ: ಎರಡು ವರ್ಷದ ನಿಂಬೆ ಗಿಡ. ಚಿಗುರೆಲೆಗಳೆಲ್ಲ ಮುದುಡಿ, ಮೇಲೆ ಬೆಳ್ಳಿ ಗೆರೆ ಎಳೆದಂತಿದೆ. ಕೆಲವು ಎಲೆಗಳಲ್ಲಿ ಕಂದು ಚುಕ್ಕೆಗಳೂ ಇವೆ. ಅಂಗಡಿಯವರು ಹೇಳಿದಂತೆ ಕೀಟನಾಶಕ, ಶಿಲೀಂಧ್ರನಾಶಕ ಬೆರೆಸಿ ಮೂರು ಸಲ ಹೊಡೆದೆ, ಉಪಯೋಗವಾಗಲಿಲ್ಲ. – ರಾಜಾಜಿನಗರ, ಬೆಂಗಳೂರು

ಉತ್ತರ: ನಿಮ್ಮ ಗಿಡಕ್ಕೆ ತೊಂದರೆ ಎರಡು, ಒಂದು ಇನ್ನೊಂದಕ್ಕೆ ಬಾಗಿಲು ತೆಗೆದಿದೆ. ಬೆಳ್ಳಿ ಗೆರೆ ರಂಗೋಲಿ ಹುಳುವಿನದು. ಸಣ್ಣ ಪತಂಗವೊಂದು ಎಳೆ ಚಿಗುರಿನ ಮೇಲೆ ಮೊಟ್ಟೆ ಇಡುತ್ತದೆ. ಮರಿ ಎಲೆಯ ಮೇಲ್ಪೊರೆಯ ಕೆಳಗೆ ಸುರಂಗ ಕೊರೆಯುತ್ತಾ ಹೋಗಿ, ಕೊನೆಗೆ ಎಲೆಯಂಚನ್ನು ಮಡಚಿಕೊಂಡು ಅದರೊಳಗೆ ಕೋಶವಾಗುತ್ತದೆ. ಎಲೆ ಬಲಿತರೆ ಅದರ ಆಟ ಮುಗಿಯಿತು. ನೀವು ಔಷಧಿ ಹೊಡೆದದ್ದು ಗೆರೆ ಕಂಡ ಮೇಲೆ. ಅಷ್ಟರಲ್ಲಿ ಹುಳು ಪೊರೆಯ ಒಳಗೆ ಸುರಕ್ಷಿತವಾಗಿತ್ತು, ಇಲ್ಲವೇ ಆಗಲೇ ಹಾರಿಹೋಗಿತ್ತು.

ಕಂದು ಚುಕ್ಕೆಯ ಮೇಲೆ ಹೆಬ್ಬೆರಳು ಸವರಿ. ಎಲೆಯ ಎರಡೂ ಬದಿ ಉಬ್ಬಿ, ಬೆಂಡಿನಂತೆ ಒರಟಾಗಿ, ನಡುವೆ ಗುಳಿ ಬಿದ್ದು, ಸುತ್ತ ಹಳದಿ ಬಳೆ ಇದ್ದರೆ ಅದು ಕಜ್ಜಿ ರೋಗ. ಇದು ಬ್ಯಾಕ್ಟೀರಿಯಾದಿಂದ ಬರುತ್ತದೆ. ಮಳೆನೀರು ಚಿಮ್ಮಿ ಹರಡುತ್ತದೆ, ರಂಗೋಲಿ ಹುಳು ಮಾಡಿದ ಗಾಯದ ಮೂಲಕ ಸುಲಭವಾಗಿ ಒಳಹೊಗುತ್ತದೆ. ನಮ್ಮ ಕಾಗ್ಜಿ ನಿಂಬೆಗೆ ಈ ರೋಗ ತಗಲುವುದು ಬೇಗ.

ಮಳೆ ಇಲ್ಲದ ದಿನ ನೋಡಿ ಕಜ್ಜಿ ಇರುವ ಎಲೆ, ರೆಂಬೆಗಳನ್ನು ಕತ್ತರಿಸಿ. ಪ್ರತಿ ಕಡಿತಕ್ಕೂ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಕತ್ತರಿಸಿದ್ದು ಕಾಂಪೋಸ್ಟ್ ಗುಂಡಿಗೆ ಹೋಗಬಾರದು. ಆಮೇಲೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂನಂತೆ, 15 ದಿನದ ಅಂತರದಲ್ಲಿ ಎರಡು ಮೂರು ಸಲ. ಮಲೆನಾಡಿನವರಾದರೆ ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣವೇ ಸಾಕು. ಬರೀ ರಂಗೋಲಿ ಗೆರೆಯಿದ್ದು ಕಜ್ಜಿ ಇಲ್ಲದ ಎಲೆಗಳನ್ನು ಕೀಳಬೇಡಿ. ನೋಡಲು ಸೊಟ್ಟಗಿದ್ದರೂ ಗಿಡಕ್ಕೆ ಅನ್ನ ಬೇಯಿಸುವುದು ಅವೇ.

ಮುಂದಿನ ಚಿಗುರು ಒಂದಿಂಚು ಬರುವಷ್ಟರಲ್ಲೇ ಬೇವಿನ ಎಣ್ಣೆ (ಡಬ್ಬಿಯ ಮೇಲೆ 1500 ಪಿಪಿಎಂ ಎಂದಿರುವುದು) ಲೀಟರಿಗೆ 3 ರಿಂದ 5 ಮಿಲಿ, ಜೊತೆಗೆ 1 ಮಿಲಿ ದ್ರವ ಸೋಪು ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ. ಎಲೆ ಬಲಿಯುವವರೆಗೆ ವಾರಕ್ಕೊಮ್ಮೆ. ಕಡಲೆಹಿಂಡಿ ನೀರು, ಯೂರಿಯಾ ಸುರಿಯುವುದನ್ನು ಸ್ವಲ್ಪ ನಿಲ್ಲಿಸಿ. ತಿಂಗಳುದ್ದಕ್ಕೂ ಚಿಗುರುತ್ತಲೇ ಇರುವ ಗಿಡ ಈ ಪತಂಗಕ್ಕೆ ಹಾಕಿಟ್ಟ ಎಲೆ ಊಟ.

ಅಂದಹಾಗೆ, ನಿಮ್ಮ ಫೋಟೊದಲ್ಲಿ ಹಕ್ಕಿ ಹಿಕ್ಕೆಯಂತೆ ಕಾಣುವುದು ಹಿಕ್ಕೆಯಲ್ಲ, ನಿಂಬೆ ಚಿಟ್ಟೆಯ ಮರಿಹುಳು. ದೊಡ್ಡದಾದಾಗ ಹಸಿರಾಗುತ್ತದೆ, ಮುಟ್ಟಿದರೆ ತಲೆಯಿಂದ ಕೊಂಬಿನಂಥದ್ದೊಂದು ಚಾಚಿ ವಾಸನೆ ಬಿಡುತ್ತದೆ. ಕೈಯಿಂದಲೇ ಆಯ್ದುಬಿಡಿ. ಕೊಲ್ಲಲು ಮನಸ್ಸಿಲ್ಲದವರು ದೊಡ್ಡ ಬಿಲ್ವದ ಮರಕ್ಕೆ ಬಿಡಬಹುದು, ಅದಕ್ಕೆ ಆ ಎಲೆಯೂ ಆಗುತ್ತದೆ.

ಪ್ರಶ್ನೆ: ಮೋಸಂಬಿ ಗಿಡದ ಹೊಸ ಎಲೆಗಳು ಹಳದಿ, ನರಗಳು ಮಾತ್ರ ಹಸಿರು. ವೈರಸ್ ರೋಗವೇ? ಬೋರ್‌ವೆಲ್ ನೀರು ಹಾಕುತ್ತೇವೆ. – ವಿಜಯಪುರ

ಉತ್ತರ: ಪ್ರಶ್ನೆಯ ಕೊನೆಯ ವಾಕ್ಯದಲ್ಲೇ ಉತ್ತರವಿದೆ. ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟಿದೆಯೇ ನೋಡಿ. ಅದರ ಮೇಲೆ ನಿಂಬೆರಸದ ಎರಡು ಹನಿ ಬಿಡಿ. ನೊರೆ ಎದ್ದರೆ ಅದು ಸುಣ್ಣ. ಗಡಸು ನೀರು ಹಾಕಿ ಹಾಕಿ ಮಣ್ಣು ಕ್ಷಾರವಾಗಿದೆ. ಮಣ್ಣಲ್ಲಿ ಕಬ್ಬಿಣವಿದ್ದರೂ ಬೇರು ಅದನ್ನು ಎಳೆದುಕೊಳ್ಳಲಾರದು.

ಯಾವ ಎಲೆ, ಎಂಥ ಹಳದಿ ಎಂಬುದನ್ನು ಗಮನಿಸಿದರೆ ಗೊಂದಲವಿಲ್ಲ. ತುದಿಯ ಎಳೆ ಎಲೆ ಹಳದಿಯಾಗಿ ನರಗಳು ಬಲೆಯಂತೆ ಹಸಿರು ಉಳಿದರೆ ಕಬ್ಬಿಣದ ಕೊರತೆ. ಎಲೆ ಕಿರಿದಾಗಿ, ನೆಟ್ಟಗೆ ನಿಂತು, ನರಗಳ ನಡುವೆ ಹಳದಿ ಮಚ್ಚೆ ಇದ್ದರೆ ಸತು. ಬುಡದ ಹಳೆ ಎಲೆಯ ಅಂಚು ಹಳದಿಯಾಗಿ, ತೊಟ್ಟಿನ ಬಳಿ ತ್ರಿಕೋನದಂತೆ ಹಸಿರು ಉಳಿದರೆ ಮೆಗ್ನೀಸಿಯಂ. ಇವೆಲ್ಲದರಲ್ಲೂ ನಡುನರದ ಎಡಬಲ ಒಂದೇ ಥರ ಇರುತ್ತದೆ. ಎಡಕ್ಕೊಂದು ಬಲಕ್ಕೊಂದು ಥರ ಅಡ್ಡಾದಿಡ್ಡಿ ಮಚ್ಚೆಯಿದ್ದರೆ ಮಾತ್ರ ಗ್ರೀನಿಂಗ್ ರೋಗದ (ನಿಂಬೆ ಜಾತಿಯ ಗಿಡಗಳಿಗೆ ಕೀಟದಿಂದ ಹರಡುವ, ಮದ್ದಿಲ್ಲದ ಬ್ಯಾಕ್ಟೀರಿಯಾ ರೋಗ) ಅನುಮಾನ ಪಡಬೇಕು.

ಮೊದಲು ಮಣ್ಣು ತೊಳೆಯಿರಿ. ತಟ್ಟೆ ತೆಗೆದು, 15 ಲೀಟರ್ ಹಿಡಿಸುವ ಕುಂಡಕ್ಕೆ 30 ಲೀಟರ್ ಮಳೆನೀರನ್ನು ಒಂದು ಗಂಟೆಯ ಅವಧಿಯಲ್ಲಿ ನಿಧಾನವಾಗಿ ಹಾಯಿಸಿ ತಳದಿಂದ ಹರಿದುಹೋಗಲು ಬಿಡಿ. ಎಲೆಗೆ ಫೆರಸ್ ಸಲ್ಫೇಟ್ ಲೀಟರಿಗೆ 3 ಗ್ರಾಂ, ಸಿಟ್ರಿಕ್ ಆಮ್ಲ 1 ಗ್ರಾಂ ಸೇರಿಸಿ ಹತ್ತು ದಿನಕ್ಕೊಮ್ಮೆ ಮೂರು ಸಲ ಸಿಂಪಡಿಸಿ. ಫೆರಸ್ ಸಲ್ಫೇಟನ್ನು ಸುಣ್ಣದ ಮಣ್ಣಿಗೆ ಸುರಿದರೆ ಬೇಗ ತುಕ್ಕಾಗಿ ಕೂರುತ್ತದೆ, ದುಡ್ಡು ದಂಡ. ಬುಡಕ್ಕೇ ಕೊಡಬೇಕೆಂದರೆ ಇಡಿಡಿಎಚ್‌ಎ ರೂಪದ ಕಬ್ಬಿಣ ಕೇಳಿ ತನ್ನಿ. ಇಡಿಟಿಎ ರೂಪದ್ದು ಅಗ್ಗ, ಆದರೆ ಕ್ಷಾರ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಹಳದಿಯಾದ ಎಲೆ ಪೂರ್ತಿ ಹಸಿರಾಗದಿದ್ದರೆ ಗಾಬರಿ ಬೇಡ. ಫಲಿತಾಂಶ ಕಾಣುವುದು ಮುಂದಿನ ಚಿಗುರಿನಲ್ಲಿ.

ಪ್ರಶ್ನೆ: ಮಾವಿನ ಗಿಡದ ಎಳೆ ಎಲೆಗಳನ್ನು ರಾತ್ರೋರಾತ್ರಿ ಯಾರೋ ಕತ್ತರಿಯಿಂದ ಕತ್ತರಿಸಿ ಕೆಳಗೆ ಬೀಳಿಸಿದಂತಿದೆ. ಇಲಿ ಇರಬಹುದೇ? – ಧಾರವಾಡ

ಉತ್ತರ: ಇಲಿಯಲ್ಲ, ಅಳಿಲೂ ಅಲ್ಲ. ಅವು ಕಡಿದರೆ ಅಂಚು ಹರಕಲಾಗಿರುತ್ತದೆ. ಇದು ಎಲೆ ಕತ್ತರಿಸುವ ಮೂತಿಹುಳು, ಗಾತ್ರದಲ್ಲಿ ತೀರಾ ಸಣ್ಣದು. ಹೆಣ್ಣು ಹುಳು ಎಳೆ ಎಲೆಯಲ್ಲಿ ಮೊಟ್ಟೆಯಿಟ್ಟು, ತೊಟ್ಟಿನ ಕಡೆ ಅಡ್ಡಲಾಗಿ ಕತ್ತರಿಸಿ ಎಲೆಯನ್ನು ನೆಲಕ್ಕೆ ಬೀಳಿಸುತ್ತದೆ. ಮರಿ ಬೆಳೆಯುವುದು ಬಿದ್ದ ಎಲೆಯೊಳಗೆ, ಕೋಶವಾಗುವುದು ಮಣ್ಣಿನಲ್ಲಿ.

ಹಾಗಾಗಿ ಇದಕ್ಕೆ ಮುಖ್ಯ ಔಷಧಿ ಪೊರಕೆ. ದಿನಾ ಬೆಳಿಗ್ಗೆ ಬಿದ್ದ ಚೂರುಗಳನ್ನು ಒಂದೂ ಬಿಡದೆ ಗುಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡಿ. ಗುಡಿಸಿದ್ದನ್ನು ‘ಮಲ್ಚಿಂಗ್’ ಎಂದು ಅದೇ ಕುಂಡಕ್ಕೆ ಹಾಕುವವರಿದ್ದಾರೆ, ಹುಳುವಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆಯಿಲ್ಲ. ಚಿಗುರು ಬಲಿಯುವ ಎರಡು ಮೂರು ವಾರ ಸೊಳ್ಳೆಪರದೆ ಹೊದಿಸಿ.

ಪ್ರಶ್ನೆ: ಸೀಬೆ ಗಿಡದ ಎಲೆ ಮೇಲೆ ಮಸಿ ಬಳಿದಂತಾಗಿದೆ, ಇರುವೆ ಸಾಲು ಬೇರೆ. – ಮೈಸೂರು

ಉತ್ತರ: ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಸಿ ಹೋಗುತ್ತದೆಯೇ? ಹೋದರೆ ಅದು ಎಲೆಯ ರೋಗವಲ್ಲ, ಸಿಹಿ ಅಂಟಿನ ಮೇಲೆ ಬೆಳೆದ ಕಪ್ಪು ಬೂಷ್ಟು. ಅಂಟು ಸುರಿಸಿದವರು ಅದರ ಮೇಲಿನ ಎಲೆಯ ಅಡಿಯಲ್ಲಿದ್ದಾರೆ: ಹಿಟ್ಟು ತಿಗಣೆ, ಬಿಳಿ ನೊಣ ಅಥವಾ ಶಲ್ಕ ಕೀಟ. ಇರುವೆಗಳು ಆ ಅಂಟಿಗಾಗಿ ಅವುಗಳಿಗೆ ಕಾವಲು ನಿಲ್ಲುತ್ತವೆ. ಕುಂಡವನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲಿಟ್ಟು, ಕಾಲುಗಳ ಕೆಳಗೆ ಸೋಪು ನೀರಿನ ಬಟ್ಟಲಿಡಿ. ರೆಂಬೆ ಗೋಡೆಗೆ ತಾಗಿದ್ದರೆ ಈ ನೀರಿನ ತಡೆಯಿಂದ ಏನೂ ಪ್ರಯೋಜನವಿಲ್ಲ, ಆ ರೆಂಬೆಯನ್ನು ಸವರಿ.

ಆಮೇಲೆ ಪೈಪಿನ ನೀರನ್ನು ರಭಸವಾಗಿ ಎಲೆಯಡಿಗೆ ಬಿಟ್ಟು ತೊಳೆಯಿರಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು ಅಥವಾ ಹೊಂಗೆ ಸೋಪನ್ನು ಲೀಟರಿಗೆ 5 ಗ್ರಾಂ ಕರಗಿಸಿ, ವಾರಕ್ಕೊಮ್ಮೆ ಮೂರು ಸಲ ಸಿಂಪಡಿಸಿ. ಒಂದೇ ಸಲಕ್ಕೆ ನಿಲ್ಲಿಸಿದರೆ ಹಿಟ್ಟಿನ ಹೊದಿಕೆಯೊಳಗಿನ ಮೊಟ್ಟೆಗಳು ಉಳಿದು ಮತ್ತೆ ಶುರುವಾಗುತ್ತದೆ. ಗಡಸು ನೀರಲ್ಲಿ ಸೋಪು ಒಡೆದು ಗರಣೆಯಾಗುವುದರಿಂದ ಮಳೆನೀರು ಅಥವಾ ಫಿಲ್ಟರ್ ನೀರು ಬಳಸಿ.

ಸಿಂಪಡಿಸುವ ಮುನ್ನ ಒಂದು ನಿಮಿಷ ಕೂತು ನೋಡಿ. ಹಿಟ್ಟು ತಿಗಣೆಗಳ ನಡುವೆ ಅವುಗಳಿಗಿಂತ ದೊಡ್ಡದಾದ, ಚುರುಕಾಗಿ ಓಡಾಡುವ, ಮೈತುಂಬ ಬಿಳಿ ಜಡೆಯ ಹುಳುಗಳಿದ್ದರೆ ಅವು ತಿಗಣೆಯನ್ನೇ ತಿನ್ನುವ ಗುಲಗಂಜಿ ಹುಳುವಿನ ಮರಿಗಳು. ಆ ರೆಂಬೆ ಬಿಟ್ಟುಬಿಡಿ. 2008ರಲ್ಲಿ ನಮ್ಮ ದೇಶದಲ್ಲಿ ಕಾಣಿಸಿಕೊಂಡು ಪರಂಗಿ ತೋಟಗಳನ್ನು ಹಾಳುಮಾಡಿದ ಹಿಟ್ಟು ತಿಗಣೆಯನ್ನು ಹದ್ದುಬಸ್ತಿಗೆ ತಂದದ್ದು, 2010ರಲ್ಲಿ ಬೆಂಗಳೂರಿನ ಕೀಟ ಸಂಸ್ಥೆ ತರಿಸಿ ಬಿಟ್ಟ ಸಾಸಿವೆಕಾಳಿಗಿಂತಲೂ ಸಣ್ಣ ಪರತಂತ್ರ ಕಣಜ (ತಿಗಣೆಯ ಮೈಯೊಳಗೇ ಮೊಟ್ಟೆಯಿಟ್ಟು ಅದನ್ನು ಕೊಲ್ಲುವಂಥದ್ದು).

ಪ್ರಶ್ನೆ: ದಾಳಿಂಬೆ ಗಿಡ ದಿನಾ ನೀರು ಹಾಕಿದರೂ ಬಾಡುತ್ತಿದೆ. – ತುಮಕೂರು

ಉತ್ತರ: ‘ಹಾಕಿದರೂ’ ಎನ್ನುವ ಜಾಗದಲ್ಲಿ ‘ಹಾಕುವುದರಿಂದಲೇ’ ಎಂದು ಓದಿಕೊಳ್ಳಬೇಕಾದೀತು. ಎರಡಿಂಚು ಆಳಕ್ಕೆ ಬೆರಳಿಳಿಸಿ. ಮಣ್ಣು ಒದ್ದೆಯಿದ್ದೂ ಗಿಡ ಬಾಡಿದರೆ ತೊಂದರೆ ಬೇರಿನಲ್ಲಿದೆ. ಕುಂಡ ಓರೆ ಮಾಡಿ ಮಣ್ಣಿನ ಹೆಂಟೆ ಹೊರತೆಗೆಯಿರಿ.

ಬೇರು ಕಂದಾಗಿ, ಎಳೆದರೆ ಸಿಪ್ಪೆ ಕಳಚಿ ದಾರದಂತೆ ಉಳಿದರೆ ಕೊಳೆ. ಕೊಳೆತದ್ದನ್ನು ಕತ್ತರಿಸಿ, ಮೇಲಿನ ರೆಂಬೆಯನ್ನೂ ಅಷ್ಟೇ ಪ್ರಮಾಣದಲ್ಲಿ ಸವರಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕಾಂಪೋಸ್ಟ್, ಒಂದು ಪಾಲು ದಪ್ಪ ಮರಳಿಗೆ ಟ್ರೈಕೋಡರ್ಮ (ಕೊಳೆ ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿ ಮತ್ತೆ ನೆಡಿ. ತಳದ ತೂತು ಕಟ್ಟಿರುತ್ತದೆ, ನೋಡಿಕೊಳ್ಳಿ.

ಕೊಕ್ಕೆಯಂತೆ ಬಾಗಿದ, ಕಂದು ತಲೆಯ ಬಿಳಿ ಹುಳು ಸಿಕ್ಕರೆ ಅದು ಗೊಣ್ಣೆ ಹುಳು. ಅರೆಕೊಳೆತ ಸಗಣಿ ಗೊಬ್ಬರದ ಜೊತೆ ಬಂದದ್ದು. ಆಯ್ದು ತೆಗೆಯಿರಿ, ಮುಂದೆ ಗೊಬ್ಬರ ಜರಡಿ ಹಿಡಿದೇ ಹಾಕಿ.

ಬೇರಿನಲ್ಲಿ ಗಂಟುಗಳಿದ್ದರೆ ಮಣ್ಣಿನ ಜಂತುಹುಳು (ನೆಮಟೋಡ್). ಬೇವಿನ ಹಿಂಡಿ ಇದನ್ನು ತಗ್ಗಿಸುತ್ತದೆ, ಪೂರ್ತಿ ಹೋಗಲಾಡಿಸುವುದಿಲ್ಲ. ಆ ಮಣ್ಣನ್ನು ಟೊಮೆಟೊ, ಬದನೆಗೆ ಬಳಸಬೇಡಿ. ಏಪ್ರಿಲ್-ಮೇ ಬಿಸಿಲಲ್ಲಿ ಒದ್ದೆ ಮಾಡಿ, ಪಾರದರ್ಶಕ ಪಾಲಿಥೀನ್ ಹೊದಿಸಿ ಆರು ವಾರ ಇಟ್ಟು ಆಮೇಲೆ ಬಳಸಬಹುದು.

ಇದಾವುದೂ ಇಲ್ಲದೆ ಗಿಡದ ಒಂದೇ ಬದಿ ಬಾಡಿದ್ದರೆ ಆ ಬದಿಯ ಕಾಂಡವನ್ನು ಅಡ್ಡ ಕತ್ತರಿಸಿ ನೋಡಿ. ಒಳಗೆ ಕಂದು-ಕಪ್ಪು ಪಟ್ಟೆ ಕಂಡರೆ ಸೊರಗು ರೋಗ. ಗಿಡ, ಮಣ್ಣು ಎರಡರ ಆಸೆಯನ್ನೂ ಬಿಡಿ.

ಪ್ರಶ್ನೆ: ಮನೆಯ ಕುಂಡದಲ್ಲಿ ಬೆಳೆಸಿದ ನಿಂಬೆ, ಕರಿಬೇವಿನ ಸಸಿಗಳನ್ನು ಬೇರೆ ಊರಿನ ಕನ್ನಡದ ಗೆಳೆಯರಿಗೆ ಹಂಚಬಹುದೇ? – ಕ್ಯಾಲಿಫೋರ್ನಿಯಾ

ಉತ್ತರ: ನಿಮ್ಮಲ್ಲಿ ನಿರ್ಬಂಧಿತ ಪ್ರದೇಶಗಳಿಂದ ಈ ಎರಡೂ ಗಿಡಗಳನ್ನು ಸಾಗಿಸುವಂತಿಲ್ಲ. ಗ್ರೀನಿಂಗ್ ರೋಗ ಹರಡುವ ಸಿಲ್ಲಿಡ್ ಕೀಟ ಅಲ್ಲಿ 2008ರಲ್ಲಿ, ರೋಗ 2012ರಲ್ಲಿ ಪತ್ತೆಯಾಯಿತು. ಆ ಕೀಟ ಕರಿಬೇವಿನ ಚಿಗುರಿನ ಮೇಲೂ ಬದುಕುತ್ತದೆ. ಎಲೆಯ ಮೇಲೆ ತಲೆ ತಗ್ಗಿಸಿ, ಹಿಂಭಾಗ ಎತ್ತಿ ಓರೆಯಾಗಿ ಕೂರುವ ಸಣ್ಣ ಕಂದು ಕೀಟ ಅದು. ಕಂಡರೆ ಗಿಡವನ್ನು ಅಲ್ಲಾಡಿಸದೆ ನಿಮ್ಮ ಕೌಂಟಿಯ ಕೃಷಿ ಕಚೇರಿಗೆ ತಿಳಿಸಿ.