ತುಲೂಸ್‌ಗೆ ಬಂದು ತೂಕ ಏರಿತು ಅಂದವರಿಗೆ

ಫ್ರಾನ್ಸಿನ ತುಲೂಸ್ ನಗರಕ್ಕೆ ಬಂದು ವರ್ಷ ತುಂಬುವಷ್ಟರಲ್ಲಿ 7 ಕಿಲೋ ಏರಿದೆ ಅಂತ ಬರೆದಿದ್ದೀರಿ. ಆಫೀಸಿನ ಕ್ಯಾಂಟೀನ್ ಬಿಟ್ಟು ಮನೆಯಿಂದ ಡಬ್ಬಿ ಕಟ್ಟಿಕೊಂಡು ಹೋಗಬೇಕಾ, ಬೇಕರಿ ಕಡೆ ತಲೆ ಹಾಕೋದೇ ಬಿಡಬೇಕಾ, ಇಂಥ ಊರಿನಲ್ಲಿ ಕ್ಯಾಲೊರಿ ಲೆಕ್ಕ ಇಡೋದು ಸಾಧ್ಯವಾ ಅಂತ ಕೇಳಿದ್ದೀರಿ. ನೀವು ಸಸ್ಯಾಹಾರಿ, ಮೊಟ್ಟೆ ಮಾತ್ರ ತಿನ್ನುತ್ತೀರಿ ಅಂತಲೂ ಹೇಳಿದ್ದೀರಿ.

ಸಾಧ್ಯ. ಕ್ಯಾಂಟೀನ್ ಮಾತ್ರ ಬಿಡಬೇಡಿ. ಹೊಸದಾಗಿ ಬಂದವರಿಗೆ ಇಲ್ಲಿನ ಭಾಷೆ, ಸ್ನೇಹ, ಆಫೀಸಿನ ಒಳಗಿನ ಸುದ್ದಿ ಎಲ್ಲ ಸಿಗೋದು ಮಧ್ಯಾಹ್ನದ ಆ ಟೇಬಲ್ಲಿನಲ್ಲೇ. ಕೆಲಸ ಮಾಡುವ ಜಾಗದಲ್ಲೇ ಕೂತು ಊಟ ಮಾಡೋದನ್ನು ಫ್ರಾನ್ಸಿನ ಕಾರ್ಮಿಕ ಕಾನೂನು ಕೂಡ ಒಪ್ಪೋದಿಲ್ಲ. ಊಟ ಅಂದರೆ ಎದ್ದು ಹೋಗಿ, ಕೂತು, ನಾಲ್ಕು ಜನರ ಜೊತೆ ಮಾಡುವ ಕೆಲಸ ಅಂತ ಈ ದೇಶ ನಂಬಿದೆ. ನಿಮ್ಮ ತೂಕ ಇಳಿಸೋಕೆ ಅದೇ ನಂಬಿಕೆ ಸಹಾಯಕ್ಕೆ ಬರುತ್ತೆ, ನೋಡಿ.

ಮೊದಲು ತೂಕ ಯಾಕೆ ಏರಿತು ಅಂತ ನೋಡೋಣ. ಬೆಂಗಳೂರಿನಿಂದ ವಿಮಾನದ ಕೆಲಸಕ್ಕೆ ಇಲ್ಲಿಗೆ ಬಂದ ನಮ್ಮವರಲ್ಲಿ ನಾನು ಮತ್ತೆ ಮತ್ತೆ ಕಂಡಿರೋದು ಒಂದೇ ಕಾರಣ. ಮಧ್ಯಾಹ್ನ ಫ್ರೆಂಚರ ಊಟ ಪೂರ್ತಿ, ರಾತ್ರಿ ನಮ್ಮ ಊಟ ಪೂರ್ತಿ. ನಿಮ್ಮ ಟ್ರೇ ನೆನಪಿಸಿಕೊಳ್ಳಿ. ತುರಿದ ಕ್ಯಾರಟ್ ಸಲಾಡ್, ತರಕಾರಿ ಕೀಶ್ (ಮೊಟ್ಟೆ, ಕ್ರೀಮ್ ಹಾಕಿ ಬೇಯಿಸಿದ ಉಪ್ಪಿನ ಟಾರ್ಟ್), ಎರಡು ತುಂಡು ಬ್ರೆಡ್, ಒಂದು ಚೂರು ಕ್ಯಾಮಂಬೆರ್ ಚೀಸ್, ಕೊನೆಗೆ ಹಣ್ಣಿನ ಟಾರ್ಟ್. ಅಲ್ಲಿಗೆ ಸುಮಾರು 1000 ಕ್ಯಾಲೊರಿ ಆಯಿತು. ಸಂಜೆ ಕಾಫಿ ಜೊತೆ ಒಂದು ಶಾಕೊಲಾತೀನ್, ಅಂದರೆ ಚಾಕೊಲೇಟ್ ತುಂಬಿದ ಬೆಣ್ಣೆಯ ಪೇಸ್ಟ್ರಿ, ಅದು ಹತ್ತಿರ ಹತ್ತಿರ 300. ಮನೆಗೆ ಬಂದು ಒಂಬತ್ತು ಗಂಟೆಗೆ ಅನ್ನ, ಸಾರು, ಪಲ್ಯ, ತುಪ್ಪ, ಮೊಸರು. ಅದೂ 900 ದಾಟುತ್ತೆ. ಬೆಳಗಿನ ತಿಂಡಿ ಸೇರಿಸಿದರೆ 2500ರ ಮೇಲೆ. ದಿನವಿಡೀ ಕೂತು ಕೆಲಸ ಮಾಡುವ ಸಾಮಾನ್ಯ ಮೈಕಟ್ಟಿನವರಿಗೆ 2000ದ ಆಸುಪಾಸು ಸಾಕು.

ಅದೇ ಟ್ರೇ ಮುಗಿಸಿದ ನಿಮ್ಮ ಸಹೋದ್ಯೋಗಿಯನ್ನು ರಾತ್ರಿ ಏನು ತಿಂದಿರಿ ಅಂತ ಒಮ್ಮೆ ಕೇಳಿ. ನನಗೆ ಸಿಕ್ಕಿರುವ ಉತ್ತರಗಳು ಹೆಚ್ಚಾಗಿ ಹೀಗೆ: ತರಕಾರಿ ಸೂಪು, ಒಂದು ಆಮ್ಲೆಟ್, ಒಂದು ಮೊಸರು. ದಿನಕ್ಕೆ ದೊಡ್ಡ ಊಟ ಒಂದೇ. ಮಧ್ಯೆ ಬಾಯಾಡಿಸೋದು ಕಡಿಮೆ. ಸಂಜೆ ನಾಲ್ಕೂವರೆಯ ತಿಂಡಿ, ಗೂಟೆ, ಇಲ್ಲಿ ಮುಖ್ಯವಾಗಿ ಮಕ್ಕಳಿಗೆ ಅಂತ ಇರೋದು. 2010ರಲ್ಲಿ ಯುನೆಸ್ಕೋ ಫ್ರೆಂಚರ ಊಟದ ಪದ್ಧತಿಯನ್ನೇ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ಅಪೆರೋ (ಊಟಕ್ಕೆ ಮುಂಚಿನ ಪಾನೀಯ, ಕುರುಕಲು), ಆಂತ್ರೆ (ಮೊದಲ ತಿನಿಸು), ಮುಖ್ಯ ತಿನಿಸು, ಚೀಸ್, ಸಿಹಿ ಎಲ್ಲ ಇವೆ. ಆದರೆ ಆ ಗೌರವ ಸಿಕ್ಕಿದ್ದು ಮದುವೆ, ಹುಟ್ಟುಹಬ್ಬದಂಥ ದಿನಗಳ ಊಟಕ್ಕೆ. ನಾವು ಅದನ್ನೇ ಸೋಮವಾರದಿಂದ ಶುಕ್ರವಾರದವರೆಗೆ ತಿಂದು, ರಾತ್ರಿ ಮತ್ತೆ ಕುಕ್ಕರ್ ಕೂಗಿಸುತ್ತೇವೆ.

ಹಾಗಾಗಿ ನನ್ನ ಮೊದಲ ಸಲಹೆ ಇಷ್ಟೇ. ದಿನದ ದೊಡ್ಡ ಊಟ ಯಾವುದು ಅಂತ ಬೆಳಗ್ಗೆಯೇ ತೀರ್ಮಾನ ಮಾಡಿ. ಕ್ಯಾಂಟೀನ್ ದಿನ ರಾತ್ರಿ ಹಗುರ. ಮನೆಯಲ್ಲಿ ಬಿಸಿಬೇಳೆಬಾತ್ ಮಾಡುವ ದಿನ ಮಧ್ಯಾಹ್ನ ಸಲಾಡ್, ಮೊಟ್ಟೆ, ಹಣ್ಣು. ಎರಡನ್ನೂ ಪ್ರೀತಿಯಿಂದ ತಿನ್ನಬಹುದು, ಒಂದೇ ದಿನ ಬೇಡ.

ಇನ್ನು ಲೆಕ್ಕ. ಮೈಮೇಲಿನ ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7700 ಕ್ಯಾಲೊರಿ. ದಿನಕ್ಕೆ 400 ಕಡಿಮೆ ತಿಂದರೆ ತಿಂಗಳಿಗೆ ಒಂದೂವರೆ ಕಿಲೋ ಹತ್ತಿರ ಇಳಿಯಬೇಕು. ಮೈ ಹಗುರ ಆದ ಹಾಗೆ ಅದಕ್ಕೆ ಬೇಕಾದ ಕ್ಯಾಲೊರಿಯೂ ಕಡಿಮೆಯಾಗುತ್ತೆ, ಆದ್ದರಿಂದ ಆಮೇಲಾಮೇಲೆ ನಿಧಾನ. ನಿಮ್ಮ 7 ಕಿಲೋಗೆ ಆರೇಳು ತಿಂಗಳು ಇಟ್ಟುಕೊಳ್ಳಿ. ತಿಂಗಳಲ್ಲಿ ಇಳಿಸಿ ಅನ್ನುವ ಯಾವ ಡಯಟ್‌ಗೂ ಕೈ ಹಾಕಬೇಡಿ, ದಯವಿಟ್ಟು.

ಎಲ್ಲವನ್ನೂ ಜೀವನಪೂರ್ತಿ ಎಣಿಸುವ ಅಗತ್ಯ ಇಲ್ಲ. ಕಣ್ಣಿಗೆ ಮೋಸ ಮಾಡುವ ಪದಾರ್ಥಗಳು ನಾಲ್ಕೈದು ಇವೆ: ಎಣ್ಣೆ, ಬೆಣ್ಣೆ ಮತ್ತು ತುಪ್ಪ, ಚೀಸ್, ಬ್ರೆಡ್, ಅಕ್ಕಿ. ಕೆಲವು ವಾರ ಇವನ್ನು ತೂಗಿ ನೋಡಿ, ಸಾಕು. ಯಾವ ಸೂಪರ್ ಮಾರ್ಕೆಟ್‌ನಲ್ಲೂ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಿಗುತ್ತೆ, ದುಬಾರಿ ಅಲ್ಲ. ಒಗ್ಗರಣೆಗೆ ಎಣ್ಣೆ ಹಾಕುವಾಗ ಹೀಗೆ ಮಾಡಿ. ಎಣ್ಣೆ ಬಾಟಲಿಯನ್ನು ತಕ್ಕಡಿ ಮೇಲೆ ಇಟ್ಟು ಸೊನ್ನೆ ಒತ್ತಿ. ಯಾವಾಗಲೂ ಹಾಕುವ ಹಾಗೆಯೇ ಬಾಣಲೆಗೆ ಸುರಿಯಿರಿ. ಬಾಟಲಿಯನ್ನು ವಾಪಸ್ ಇಡಿ. ತೆರೆಯ ಮೇಲೆ ಮೈನಸ್ 40 ಅಂತ ಬಂದರೆ 40 ಗ್ರಾಂ ಬಾಣಲೆಗೆ ಹೋಗಿದೆ, ಅಂದರೆ 360 ಕ್ಯಾಲೊರಿ. ಸಾಸಿವೆ ಸಿಡಿಯೋಕೆ ಒಂದು ದೊಡ್ಡ ಚಮಚ ಧಾರಾಳ ಸಾಕು, ಅದು 120. ಬೀನ್ಸ್ ಪಲ್ಯದ ರುಚಿಯಲ್ಲಿ ವ್ಯತ್ಯಾಸವೇ ಗೊತ್ತಾಗೋದಿಲ್ಲ. ಇಡೀ ಬೇಕರಿ ಬಿಟ್ಟರೂ ಸಿಗದಷ್ಟು ಉಳಿತಾಯ ಎಷ್ಟೋ ಮನೆಗಳಲ್ಲಿ ಈ ಬಾಟಲಿಯಲ್ಲೇ ಇದೆ.

ಅಕ್ಕಿಯನ್ನು ಹಸಿಯಾಗಿಯೇ ತೂಗಿ. 100 ಗ್ರಾಂ ಅಕ್ಕಿ 350 ಕ್ಯಾಲೊರಿ. ಅದೇ 100 ಗ್ರಾಂ ಬೆಂದ ಅನ್ನ 130. ಇವೆರಡನ್ನು ಬೆರೆಸಿಕೊಂಡರೆ ಲೆಕ್ಕವೆಲ್ಲ ಎಡವಟ್ಟಾಗುತ್ತೆ. ಲೇಬಲ್ ಓದುವಾಗಲೂ ಒಂದು ಎಚ್ಚರಿಕೆ ಬೇಕು. ಪ್ಯಾಕೆಟ್‌ನ ಹಿಂದೆ ಕಿಲೋಜೌಲ್, ಕಿಲೋಕ್ಯಾಲೊರಿ ಎರಡೂ ಅಚ್ಚಾಗಿರುತ್ತವೆ. ನಾವು ಕ್ಯಾಲೊರಿ ಅನ್ನೋದು ಎರಡನೆಯದನ್ನೇ, ಚಿಕ್ಕ ಸಂಖ್ಯೆ. ಅದೂ ಕೂಡ 100 ಗ್ರಾಂಗೆ ಬರೆದಿರೋದು, ಪ್ಯಾಕೆಟ್‌ಗೆ ಅಲ್ಲ. ಮುಂದೆ ಬಣ್ಣದಲ್ಲಿ ಕಾಣುವ ನ್ಯೂಟ್ರಿ-ಸ್ಕೋರ್, ಅಂದರೆ A ಯಿಂದ E ವರೆಗಿನ ಪೋಷಣೆಯ ಅಂಕ, 2017ರಿಂದ ಇದೆ. ಎರಡು ಬಗೆಯ ಬಿಸ್ಕತ್ತಿನ ನಡುವೆ ಆರಿಸಲು ಅದು ಒಳ್ಳೆಯದು. ನೀವು ಎಷ್ಟು ತಿಂದಿರಿ ಅಂತ ಅದಕ್ಕೆ ಗೊತ್ತಿಲ್ಲ.

ಸಸ್ಯಾಹಾರಿಗಳಿಗೆ ಈ ಊರಿನಲ್ಲಿ ಬೇರೆಯೇ ಒಂದು ತೊಂದರೆ ಇದೆ. ನೈಋತ್ಯ ಫ್ರಾನ್ಸಿನ ಅಡುಗೆ ಬಾತುಕೋಳಿಯ ಅಡುಗೆ. ಕ್ಯಾಸೂಲೆ ಅಂದರೆ ಬಿಳಿ ಹುರುಳಿಕಾಯಿ ಬೀಜದ ಜೊತೆ ಬಾತುಕೋಳಿ, ಸಾಸೇಜ್. ಆಲೂಗಡ್ಡೆಯನ್ನೂ ಎಷ್ಟೋ ಕಡೆ ಬಾತುಕೋಳಿ ಕೊಬ್ಬಿನಲ್ಲೇ ಹುರಿಯುತ್ತಾರೆ, ಕೇಳಿಯೇ ತಿನ್ನಿ. ಹಾಗಾದರೆ ನಮಗೆ ಉಳಿಯೋದು ಏನು? ಬಿಸಿ ಆಡಿನ ಚೀಸ್ ಸಲಾಡ್, ಕೀಶ್, ಮೇಲೆ ಚೀಸ್ ಹಾಕಿ ಓವನ್‌ನಲ್ಲಿ ಬೇಯಿಸಿದ ಗ್ರಾತಾಂ, ಪಿಜ್ಜಾ, ಆಲೂಗಡ್ಡೆಗೆ ಚೀಸ್ ಕಲಸಿದ ಅಲಿಗೋ. ಮಾಂಸ ಬೇಡ ಅಂದ ತಕ್ಷಣ ತಟ್ಟೆಗೆ ಚೀಸ್ ಬರುತ್ತೆ. ಕೋಂತೆ ಅನ್ನುವ ಗಟ್ಟಿ ಚೀಸ್ 30 ಗ್ರಾಂಗೆ 125 ಕ್ಯಾಲೊರಿ. 30 ಗ್ರಾಂ ಅಂದರೆ ತಟ್ಟೆಯ ಮೇಲೆ ತುಂಬಾ ಚಿಕ್ಕದಾಗಿ ಕಾಣುವ ಒಂದು ಚೂರು. ಕಟ್ಟುನಿಟ್ಟಾಗಿ ಇರುವವರು ತಿಳಿದಿರಲಿ, ಕೋಂತೆ, ರೋಕ್‌ಫೋರ್ ಚೀಸ್‌ಗಳಿಗೆ ಪ್ರಾಣಿಯ ರೆನೆಟ್ (ಕರುವಿನಂಥ ಎಳೆ ಪ್ರಾಣಿಯ ಹೊಟ್ಟೆಯಿಂದ ತೆಗೆದ ಕಿಣ್ವ) ಹಾಕಿ ಹಾಲು ಒಡೆಸುತ್ತಾರೆ.

ಇದಕ್ಕೆ ನನ್ನ ದಾರಿ: ಚೀಸನ್ನು ಚೀಸ್ ಆಗಿಯೇ ತಿನ್ನಿ. ಅಡುಗೆಯಲ್ಲಿ ಕರಗಿ ಮಾಯವಾದ ಚೀಸ್ ಬೇಡ. ಒಳ್ಳೆಯ ಅಂಗಡಿಯಿಂದ ಒಳ್ಳೆಯ ಚೂರು ತಂದು, ಊಟದ ಕೊನೆಗೆ ಕೂತು ನಿಧಾನವಾಗಿ ತಿನ್ನಿ. ಪ್ರೋಟೀನಿಗೆ ಬೇರೆ ಕಡೆ ನೋಡಿ. ಪ್ಯುಯಿ ಊರಿನ ಹಸಿರು ಬೇಳೆ (ಲೆಂಟಿಲ್) ಬೇಯಿಸಿದರೂ ಕಾಳು ಕಾಳಾಗಿ ನಿಲ್ಲುತ್ತೆ. ಸೌತೆಕಾಯಿ, ನಿಂಬೆರಸ, ಕೊತ್ತಂಬರಿ ಹಾಕಿದರೆ ಸೊಗಸಾದ ಕೋಸಂಬರಿ. ತಾರ್ಬ್ ಕಡೆಯ ಬಿಳಿ ಬೀನ್ಸ್ ತೆಳು ಸಿಪ್ಪೆಯದು, ಹುಳಿಗೆ ಬಲು ಚೆನ್ನಾಗಿ ಹೊಂದುತ್ತೆ. ಗಟ್ಟಿ ಮೊಸರಿನಂಥ ಫ್ರೊಮಾಜ್ ಬ್ಲಾಂ, ಕೊಬ್ಬಿಲ್ಲದ್ದು, 100 ಗ್ರಾಂಗೆ 50 ಕ್ಯಾಲೊರಿ ಕೂಡ ಇಲ್ಲ, 7 ಗ್ರಾಂ ಮೇಲೆ ಪ್ರೋಟೀನ್ ಇದೆ. ಅದಕ್ಕೆ ಉಪ್ಪು, ಜೀರಿಗೆ, ಒಂದು ಚಮಚ ಎಣ್ಣೆಯ ಒಗ್ಗರಣೆ ಕೊಟ್ಟು ನೋಡಿ, ಮೊಸರು ಬಜ್ಜಿ ತಿಂದಷ್ಟೇ ಖುಷಿಯಾಗುತ್ತೆ. ಭಾನುವಾರ ಬೆಳಗ್ಗೆ ಸೇಂಟ್ ಒಬಾಂ ಚರ್ಚಿನ ಸುತ್ತ ಸಂತೆ ಸೇರುತ್ತೆ. ಬೇಸಿಗೆಯಲ್ಲಿ ಅಲ್ಲಿಯ ಟೊಮೇಟೊ, ಬದನೆ, ಕುಂಬಳ ಜಾತಿಯ ಕೂರ್ಜೆಟ್ ತಂದು ತಟ್ಟೆಯ ಅರ್ಧ ತುಂಬಿಸಿ. ಹಸಿವು ನಿಜವಾಗಿ ತಗ್ಗೋದು ಅದರಿಂದಲೇ.

ಬೇಕರಿ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಇಂಥ ಬ್ರೆಡ್ ಇರುವ ದೇಶಕ್ಕೆ ಬಂದು ಬ್ರೆಡ್ ಬಿಡೋದು ಸರಿಯಲ್ಲ. 1993ರ ಕಾನೂನಿನ ಪ್ರಕಾರ ತ್ರಾದಿಸಿಯೋಂ ಬಗೆಟ್‌ಗೆ (ಸಾಂಪ್ರದಾಯಿಕ ಉದ್ದನೆಯ ಬ್ರೆಡ್‌ಗೆ) ಸಂರಕ್ಷಕಗಳನ್ನು ಹಾಕುವ ಹಾಗಿಲ್ಲ; ಹಿಟ್ಟು, ನೀರು, ಉಪ್ಪು, ಯೀಸ್ಟ್ ಅಥವಾ ಹುಳಿಹಿಟ್ಟು, ಅಷ್ಟೇ ಅದರ ಜೀವಾಳ. ಒಂದು ಬಗೆಟ್ 250 ಗ್ರಾಂ, 650ರಿಂದ 700 ಕ್ಯಾಲೊರಿ. ಕಾಲು ಭಾಗ ಕತ್ತರಿಸಿ, ಉಳಿದದ್ದನ್ನು ಆಗಲೇ ಫ್ರೀಜರ್‌ಗೆ ಹಾಕಿ. ದಾರಿಯಲ್ಲಿ ತುದಿ ಮುರಿದು ತಿನ್ನೋದು ಇಲ್ಲಿ ಎಲ್ಲರ ಅಭ್ಯಾಸ, ಅದನ್ನೂ ಆ ಕಾಲು ಭಾಗದಲ್ಲೇ ಸೇರಿಸಿಕೊಳ್ಳಿ. ಶಾಕೊಲಾತೀನ್‌ಗೆ ವಾರದಲ್ಲಿ ಒಂದು ದಿನ ಗೊತ್ತು ಮಾಡಿ. ಶನಿವಾರ ಬೆಳಗ್ಗೆ, ಆಗಷ್ಟೇ ಒಲೆಯಿಂದ ಬಂದದ್ದು, ಬೆಣ್ಣೆಯಿಂದ ಮಾಡಿದ್ದು. ಸಭೆಯಲ್ಲಿ ಯಾರೋ ತಂದಿಟ್ಟು ತಣ್ಣಗಾದದ್ದನ್ನು ಸುಮ್ನೆ ಕೈಗೆ ಸಿಕ್ಕಿತು ಅಂತ ತಿನ್ನಬೇಡಿ.

ಜನವರಿಯಲ್ಲಿ ಕಷ್ಟ. ಹಬ್ಬದ ಕೇಕಿನಂಥ ಗಲೆತ್ ಆಫೀಸಿಗೆ ತಿಂಗಳಿಡೀ ಬರುತ್ತಲೇ ಇರುತ್ತೆ. ಫೆಬ್ರವರಿ 2ಕ್ಕೆ ತೆಳು ದೋಸೆಯಂಥ ಕ್ರೇಪ್. ಚಳಿಗಾಲದ ಶನಿವಾರಗಳಲ್ಲಿ ಆಲೂಗಡ್ಡೆ ಮೇಲೆ ಚೀಸ್ ಕರಗಿಸುವ ರಾಕ್ಲೆಟ್. ಒಂದು ತುಂಡು ತಗೊಳ್ಳಿ, ಕೂತು ತಿನ್ನಿ, ಆ ರಾತ್ರಿ ಸೂಪು ಕುಡಿಯಿರಿ. ಅಪೆರೋದಲ್ಲಿ ಚಿಪ್ಸ್, ಕಡಲೆಕಾಯಿ ಬಟ್ಟಲಿನಿಂದ ದೂರದ ಕುರ್ಚಿ ಆರಿಸಿ. ಒಂದು ಲೋಟ ವೈನ್ ಸುಮಾರು 100 ಕ್ಯಾಲೊರಿ. ಕುಡಿಯುವವರಿಗೆ ಇಲ್ಲಿನ ಸರ್ಕಾರಿ ಸಲಹೆ ವಾರಕ್ಕೆ 10 ಲೋಟ ಮೀರಬಾರದು, ದಿನಕ್ಕೆ ಎರಡು ಮೀರಬಾರದು, ಪ್ರತಿದಿನವೂ ಬೇಡ ಅಂತ. ಕುಡಿಯದವರು ಅದಕ್ಕಾಗಿ ಶುರು ಮಾಡಬೇಕಿಲ್ಲ, ಯಾರೂ ಏನೂ ಅಂದುಕೊಳ್ಳೋದಿಲ್ಲ. ಹೋಟೆಲಿನಲ್ಲಿ ಊಟದ ಜೊತೆ ಒಂದು ಜಗ್ ಕೊಳಾಯಿ ನೀರು ಕೇಳಿದರೆ ಪುಕ್ಕಟೆ ಕೊಡಲೇಬೇಕು.

ನಡಿಗೆ ಒಳ್ಳೆಯದು. ಕನಾಲ್ ದು ಮಿದಿ ಕಾಲುವೆಯ ದಂಡೆಯ ಮರಗಳ ಕೆಳಗೆ ನಡೆಯೋದು ಈ ಊರು ನಮಗೆ ಕೊಟ್ಟ ಸುಖ. ಆದರೆ ಒಂದು ಗಂಟೆ ನಡೆದರೂ ಒಂದು ಶಾಕೊಲಾತೀನ್‌ನಷ್ಟು ಕರಗೋದು ಕಷ್ಟ. ಮನಸ್ಸಿಗೆ, ಸಕ್ಕರೆ ಹತೋಟಿಗೆ ನಡೆಯಿರಿ. ತೂಕದ ಲೆಕ್ಕ ತಟ್ಟೆಯಲ್ಲೇ ಇರಲಿ.

ಇದನ್ನು ಮಾತ್ರ ಮುಂದೂಡಬೇಡಿ: ಮೆದ್ಸಾಂ ತ್ರೇತಾಂ, ಅಂದರೆ ನೀವು ಹೆಸರು ನೋಂದಾಯಿಸಿದ ಖಾಯಂ ಡಾಕ್ಟರ್ ಹತ್ತಿರ ಹೋಗಿ ರಕ್ತ ಪರೀಕ್ಷೆಗೆ ಚೀಟಿ ಬರೆಸಿಕೊಳ್ಳಿ. ನಮ್ಮ ಕಡೆಯವರಿಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 25 ಮುಟ್ಟುವ ಮೊದಲೇ ಸಕ್ಕರೆ ಕಾಯಿಲೆಯ ಅಪಾಯ ಶುರುವಾಗುತ್ತೆ. ಏಷ್ಯಾದವರಿಗೆ 23ರಿಂದಲೇ ಎಚ್ಚರ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಹೇಳಿದ್ದಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ನೋಡೋಕೆ ತೆಳ್ಳಗೆ ಇದ್ದೀರಿ ಅಂತ ಡಾಕ್ಟರ್ ಅಂದರೂ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಇದೆ ಅಂತ ನೀವೇ ಬಾಯಿಬಿಟ್ಟು ಹೇಳಿ. ಸಕ್ಕರೆಗೋ ಬಿಪಿಗೋ ಮಾತ್ರೆ ತಗೊಳ್ಳುತ್ತಿದ್ದರೆ ಅವರನ್ನು ಕೇಳದೆ ಊಟ ಇಳಿಸಬೇಡಿ. ಡಯಟೀಷಿಯನ್ ಫೀಸನ್ನು ಸರ್ಕಾರಿ ವಿಮೆ ಸಾಮಾನ್ಯವಾಗಿ ಕೊಡೋದಿಲ್ಲ, ಕೆಲವು ಮ್ಯುತ್ಯುಯೆಲ್‌ಗಳು (ಹೆಚ್ಚುವರಿ ಖಾಸಗಿ ಆರೋಗ್ಯ ವಿಮೆಗಳು) ಸ್ವಲ್ಪ ಕೊಡುತ್ತವೆ, ನಿಮ್ಮದನ್ನು ವಿಚಾರಿಸಿ. ಅಂಕಿ ನೋಡಿದಷ್ಟೂ ಊಟ ಕಂಡರೆ ಭಯ ಶುರುವಾಯಿತು ಅನ್ನಿಸಿದರೆ ಎಣಿಸೋದನ್ನು ಅಲ್ಲಿಗೇ ನಿಲ್ಲಿಸಿ ಡಾಕ್ಟರ್ ಹತ್ತಿರ ಮಾತಾಡಿ.

ಸಹೋದ್ಯೋಗಿಯ ಮನೆಗೆ ಭಾನುವಾರ ಊಟಕ್ಕೆ ಕರೆದಿದ್ದಾರೆ, ಅಲ್ಲಿ ಏನು ಮಾಡಲಿ ಅಂತ ಕೊನೆಯಲ್ಲಿ ಕೇಳಿದ್ದೀರಿ. ಸಸ್ಯಾಹಾರಿ ಅಂತ ಈಗಲೇ ತಿಳಿಸಿ, ಆ ದಿನ ಬಾಗಿಲಲ್ಲಿ ಹೇಳಬೇಡಿ. ಹ್ಯಾಮ್ ಚೂರು, ಮೀನು ಕೂಡ ಬೇಡ ಅಂತ ಬಿಡಿಸಿ ಹೇಳಿ. ಮೊದಲ ಸಲ ಕಡಿಮೆ ಬಡಿಸಿಕೊಳ್ಳಿ, ಆಗ ಎರಡನೇ ಸಲ ಕೇಳಿದಾಗ ಹೂಂ ಅನ್ನಬಹುದು, ಮಾಡಿದವರಿಗೂ ಖುಷಿ. ಟೇಬಲ್ ಮೇಲೆ ಕ್ಯಾಲೊರಿ ಮಾತು ಎತ್ತಬೇಡಿ. ಊಟ ಮೂರು ಗಂಟೆ ನಡೆಯಬಹುದು, ಅರ್ಧಕ್ಕಿಂತ ಹೆಚ್ಚು ಹೊತ್ತು ಮಾತೇ ಇರುತ್ತೆ, ನೀವೂ ಮಾತಾಡಿ. ಆ ದಿನ ಬೆಳಗ್ಗೆ ಒಂದು ಮೊಟ್ಟೆ, ಒಂದು ಹಣ್ಣು ತಿಂದು ಹೋಗಿ. ರಾತ್ರಿ ಹಸಿವಾದರೆ ಮಾತ್ರ ಒಂದು ಲೋಟ ಮಜ್ಜಿಗೆ. ಮಾರನೇ ಬೆಳಗ್ಗೆ ತಕ್ಕಡಿ ಒಂದು ಕಿಲೋ ಜಾಸ್ತಿ ತೋರಿಸಿದರೆ ಗಾಬರಿ ಬೇಡ, ಅದು ಉಪ್ಪು ಹಿಡಿದಿಟ್ಟ ನೀರು. ಅದು ಇಳಿದ ಮೇಲೆ, ಬುಧವಾರದ ತೂಕ ಬರೆದಿಡಿ.